ಮಕ್ಕಳಿರಲಿ, ಇಲ್ಲದಿರಲಿ, ತೊಟ್ಟಿಲು ಹತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ನನ್ನ ಮಾತು ಯಾರು ಯಾರು ಕೇಳುತ್ತಿರಬಹುದು ಎಂದು ಬರುವಾಗ ದಾರಿಯಲ್ಲೇ ಯೋಚಿಸುತ್ತಿದ್ದೆ. ಅಂಕೋಲೆಯಲ್ಲಿ ರೇಡಿಯೋ ಹಚ್ಚಿಟ್ಟು ಕಾಯಿ ತುರಿಯುತ್ತಿರುವವರು ಒಬ್ಬರು. ಶಿರಸಿ ಕಡೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತವರು ನಾಲ್ಕು ಜನ. ಇಲ್ಲೇ ಕಾರವಾರದಲ್ಲಿ ಕೆಲಸ ಮುಗಿಸಿ ಬಂದು ಚಹಾ ಕುಡಿಯುತ್ತಿರುವ ಗಂಡ ಹೆಂಡತಿ. ನಿಮ್ಮಲ್ಲಿ ಮದುವೆ ಆಗದವರಿದ್ದೀರಿ. ಮಕ್ಕಳಾಗದವರಿದ್ದೀರಿ. ಮಕ್ಕಳು ಬೇಡ ಎಂದುಕೊಂಡವರಿದ್ದೀರಿ. ಮಕ್ಕಳು ಬೆಂಗಳೂರು, ಪುಣೆ ಸೇರಿ ಮನೆ ಖಾಲಿಯಾದವರಂತೂ ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ನಿಮಗೆಲ್ಲ ನಾನು ಹೇಳುವುದು ಒಂದೇ ಮಾತು. ಜಾತ್ರೆಗೆ ಹೋದರೆ ತೊಟ್ಟಿಲು, ಅಂದರೆ ಜನರನ್ನು ಕೂರಿಸಿ ತಿರುಗುವ ಆ ದೊಡ್ಡ ಚಕ್ರ, ಹತ್ತಿ. ದೊಡ್ಡ ಊರಿಗೆ ಹೋದರೆ ಥೀಮ್ ಪಾರ್ಕಿಗೆ ಹೋಗಿ. ಮಕ್ಕಳಿರಲಿ, ಇಲ್ಲದಿರಲಿ, ಹತ್ತಿ.

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು. ಬೀಳುವ ವಸ್ತು, ತಿರುಗುವ ವಸ್ತು, ತೂಗಾಡುವ ವಸ್ತು ಇವೇ ನನ್ನ ಪಾಠ. ಆ ಪಾಠವನ್ನೆಲ್ಲ ಒಂದೇ ದಿನದಲ್ಲಿ ಮೈಯಿಂದಲೇ ಕಲಿಸುವ ಜಾಗ ಥೀಮ್ ಪಾರ್ಕು. ನನಗೂ ನನ್ನ ಗಂಡನಿಗೂ ಮಕ್ಕಳಿಲ್ಲ. ನಾವಿಬ್ಬರೇ ಇಂಥ ಪಾರ್ಕುಗಳಿಗೆ ಹೋಗುತ್ತಲೇ ಇರುತ್ತೇವೆ. ಒಮ್ಮೆ ಬೇರೆ ಊರಿನ ಒಂದು ಪಾರ್ಕಿನಲ್ಲಿ ಟಿಕೆಟ್ ಕೊಡುವ ಹುಡುಗ ಕೇಳಿದ, "ಮಕ್ಕಳೆಷ್ಟು ಮೇಡಂ?" ನಾವಿಬ್ಬರೇ ಎಂದೆ. ಅವನು ಎದ್ದು ನಿಂತು ನಮ್ಮ ಬೆನ್ನ ಹಿಂದೆ ನೋಡಿದ. "ಇದು ಫ್ಯಾಮಿಲಿ ಪಾರ್ಕು ಮೇಡಂ" ಎಂದ. ನಾವೂ ಫ್ಯಾಮಿಲಿಯೇ ಕಣಪ್ಪ, ಎರಡು ಟಿಕೆಟ್ ಕೊಡು ಎಂದೆ. ಕೊಟ್ಟ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಎಷ್ಟು ಜನ ಆ ಪ್ರಶ್ನೆಗೇ ಹೆದರಿ ಮನೆಯಲ್ಲಿ ಉಳಿದಿರಬಹುದು ಹೇಳಿ.

ಈ ಆಟಗಳು ಮಕ್ಕಳಿಗಾಗಿ ಹುಟ್ಟಿದವು ಎಂದು ನಿಮಗೆ ಯಾರು ಹೇಳಿದರು? ರಷ್ಯಾದಲ್ಲಿ ಚಳಿಗಾಲಕ್ಕೆ ಮರದ ಅಟ್ಟಣಿಗೆ ಕಟ್ಟಿ, ಅದರ ಇಳಿಜಾರಿನ ಮೇಲೆ ನೀರು ಸುರಿದು ಮಂಜುಗಡ್ಡೆ ಮಾಡಿ, ಜಾರುತ್ತಿದ್ದರು. ಜಾರಿದವರು ದೊಡ್ಡವರು. ಇವತ್ತಿನ ರೋಲರ್ ಕೋಸ್ಟರಿನ ಅಜ್ಜ ಅದೇ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಏರಿಳಿಯುವ ರೈಲು ಶುರುವಾಯಿತು. ಐದು ಸೆಂಟ್ ಕೊಟ್ಟು ಅದನ್ನು ಹತ್ತಿದವರೂ ದುಡಿಯುವ ದೊಡ್ಡವರೇ. 1893ರಲ್ಲಿ ಶಿಕಾಗೋ ಮೇಳಕ್ಕೆ ಫೆರಿಸ್ ಎಂಬ ಇಂಜಿನಿಯರು ಕಟ್ಟಿದ ಚಕ್ರ 264 ಅಡಿ. ನಮ್ಮ ಮುರ್ಡೇಶ್ವರದ ಶಿವನ ಎತ್ತರ 123 ಅಡಿ ಅಲ್ವಾ, ಅದರ ಎರಡು ಪಟ್ಟಿಗಿಂತ ಜಾಸ್ತಿ. 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಮಕ್ಕಳಷ್ಟೇ ಹತ್ತಲಿ ಎಂದು ಯಾರಾದರೂ ಅಷ್ಟು ದೊಡ್ಡದು ಕಟ್ಟುತ್ತಾರಾ?

ವಾಲ್ಟ್ ಡಿಸ್ನಿಯ ಕಥೆಯೂ ಇದೇ. ತನ್ನ ಹೆಣ್ಣುಮಕ್ಕಳು ಕುದುರೆ ಚಕ್ರದ ಮೇಲೆ ಸುತ್ತುತ್ತಿದ್ದಾಗ ಅವನು ಪಾರ್ಕಿನ ಬೆಂಚಿನ ಮೇಲೆ ಸುಮ್ನೆ ಕೂತಿರುತ್ತಿದ್ದ. ದೊಡ್ಡವರೂ ಜೊತೆಗೆ ಆಡುವ ಜಾಗ ಬೇಕು ಎಂದು ಅವನಿಗೆ ಅನಿಸಿದ್ದು ಅಲ್ಲಿ. 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಬೆಂಚಿನ ಮೇಲೆ ಕೂತವನಿಗೆ ಬೇಸರ ಬಂದಿದ್ದರಿಂದಲೇ ಆ ಪಾರ್ಕು ಹುಟ್ಟಿದ್ದು. ನಾವು ಇನ್ನೂ ಆ ಬೆಂಚು ಬಿಟ್ಟು ಏಳಲಿಲ್ಲ.

ಬೆಂಚು ಎಂದಾಗ ನನಗೆ ನೆನಪಾಗುವುದು ನನ್ನ ಚಿಕ್ಕಿ. ಅಮ್ಮನ ತಂಗಿ. ಮದುವೆ ಆಗಲಿಲ್ಲ, ಶಿರಸಿ ಹತ್ತಿರದ ಅಜ್ಜನ ಮನೆಯಲ್ಲೇ ಉಳಿದಳು. ಮಾರಿಕಾಂಬಾ ಜಾತ್ರೆ ನಿಮಗೆಲ್ಲ ಗೊತ್ತಿದೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಒಂಬತ್ತು ದಿನ. ದೇವಿ ಬಿಡಕಿಬೈಲಿನ ಗದ್ದುಗೆಗೆ ಬಂದಳೆಂದರೆ ಊರಿಗೆ ಊರೇ ಅಲ್ಲಿ. ನಾವು ಮಕ್ಕಳೆಲ್ಲ ಅಜ್ಜನ ಮನೆಯಲ್ಲಿ ಸೇರುತ್ತಿದ್ದೆವು. ಹದಿನಾಲ್ಕು ಮಕ್ಕಳು, ನಡುವೆ ಚಿಕ್ಕಿ. ಮೊದಲು ದೇವಿಗೆ ಉಡಿ, ಆಮೇಲೆ ಬಳೆ ಅಂಗಡಿ, ಆಮೇಲೆ ತೊಟ್ಟಿಲು. ಅಪ್ಪಂದಿರು ಗಂಡುಮಕ್ಕಳ ಜೊತೆ ಹತ್ತುವರು. ಅಮ್ಮಂದಿರು ಕಿರಿಯ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತುವರು. ಚಿಕ್ಕಿ ಕೆಳಗೆ. ಅವಳ ಕೈಯಲ್ಲಿ ನಮ್ಮೆಲ್ಲರ ಚಪ್ಪಲಿ, ಬಲೂನು, ಬತ್ತಾಸಿನ ಪೊಟ್ಟಣ. ಕಂಕುಳಲ್ಲಿ ಯಾರದೋ ಮಗು. ನಾನು ಮೇಲಿನಿಂದ "ಚಿಕ್ಕೀ" ಎಂದು ಕೂಗುತ್ತಿದ್ದೆ. ಅವಳು ಬಲೂನು ಹಿಡಿದ ಕೈ ಎತ್ತುತ್ತಿದ್ದಳು. ನನಗೆ ಎಂಟು ವರ್ಷ ಆದಾಗ ಅವಳಿಗೆ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಎಂದರೆ ಹುಡುಗಿ ಅಲ್ವಾ. ನೀನೂ ಬಾ ಎಂದು ಯಾರೂ ಕರೆಯಲಿಲ್ಲ. ಅವಳ ಜೊತೆ ಹತ್ತಲು ಅವಳ ಮಗು ಇರಲಿಲ್ಲ. ಅಷ್ಟೇ ಕಾರಣ.

ಹೀಗೆ ನಲವತ್ತು ವರ್ಷ ದಾಟಿತು. ಎಷ್ಟು ಜಾತ್ರೆ ಲೆಕ್ಕ ಹಾಕಿ. ನಾನೂ ದೊಡ್ಡವಳಾದೆ, ನೂರಾರು ವಿದ್ಯಾರ್ಥಿಗಳಿಗೆ ವೃತ್ತದ ಚಲನೆ ಕಲಿಸಿದೆ. ಚಿಕ್ಕಿಯನ್ನು ಕರೆಯಬೇಕೆಂದು ನನಗೂ ಹೊಳೆಯಲಿಲ್ಲ. ಈ ಮಾತು ಹೇಳುವಾಗ ಇವತ್ತಿಗೂ ನೋವಾಗುತ್ತದೆ.

2018ರ ಜಾತ್ರೆ. ಚಿಕ್ಕಿಗೆ 68. ಮಕ್ಕಳ್ಯಾರೂ ಊರಿಗೆ ಬಂದಿರಲಿಲ್ಲ, ಪರೀಕ್ಷೆ ಸಮಯ. ನಾನು, ನನ್ನ ಗಂಡ, ಚಿಕ್ಕಿ ಮೂವರೇ. ತೊಟ್ಟಿಲಿನ ಹತ್ತಿರ ಬಂದ ಕೂಡಲೇ ಅವಳು ಅಭ್ಯಾಸದಂತೆ ಕೈ ಚಾಚಿದಳು, ನನ್ನ ಚೀಲ ಹಿಡಿಯಲು. ನಾನು ಆ ಕೈ ಹಿಡಿದುಕೊಂಡು, ನೀನು ಬಾ ಎಂದೆ. "ಯಂಗೆಂತಕ್ಕೆ ತಂಗಿ, ಅದು ಮಕ್ಕಳಿಗೆ" ಎಂದಳು. ಮಕ್ಕಳೆಲ್ಲಿದ್ದಾರೆ ಇಲ್ಲಿ ಎಂದೆ. ಸುತ್ತ ನೋಡಿದಳು. ಆಮೇಲೆ ಸೊಂಟದಿಂದ ಕವಳದ ಸಂಚಿ ತೆಗೆದು ನನ್ನ ಗಂಡನ ಕೈಗೆ ಕೊಟ್ಟು, "ಹಿಡಕ" ಎಂದಳು. ಆ ಸಲ ಕೆಳಗೆ ನಿಂತವರು ನನ್ನ ಗಂಡ.

ತೊಟ್ಟಿಲು ಒಂದು ಸುತ್ತು ಬಂದು ಜನ ಹತ್ತಿಸಲು ನಿಂತಾಗ ನಮ್ಮ ಪೆಟ್ಟಿಗೆ ತುದಿಯಲ್ಲಿತ್ತು. ಚಿಕ್ಕಿ ಮಾತಾಡಲಿಲ್ಲ. ಕೆಳಗೆ ಗದ್ದುಗೆಯ ದೀಪ, ಅಂಗಡಿ ಸಾಲು, ಅದರಾಚೆ ಕತ್ತಲೆಯ ತೋಟ, ಗುಡ್ಡ. ಬಹಳ ಹೊತ್ತಿನ ಮೇಲೆ "ನಮ್ಮ ಊರಿನ ದಿಕ್ಕು ಅದು" ಎಂದು ಬೆರಳು ತೋರಿಸಿದಳು. ಚಕ್ರ ಜೋರಾಗಿ ತಿರುಗತೊಡಗಿದ ಮೇಲೆ ನಕ್ಕಳು ನೋಡಿ, ಆ ನಗು ನಾನು ಅದುವರೆಗೆ ಕೇಳಿರಲಿಲ್ಲ. ಇಳಿದು ನೆಲಕ್ಕೆ ಕಾಲಿಟ್ಟವಳು ಸಂಚಿ ವಾಪಸ್ಸು ತೆಗೆದುಕೊಳ್ಳಲಿಲ್ಲ. "ಇನ್ನೊಂದ್ ಸಲ ಹೋಪನ" ಎಂದಳು. ಆ ರಾತ್ರಿ ನಾಲ್ಕು ಸಲ ಹತ್ತಿದೆವು.

ಮರುವರ್ಷ ಅವಳನ್ನು ಬೆಂಗಳೂರು ಕಡೆಯ ಒಂದು ಪಾರ್ಕಿಗೆ ಕರೆದುಕೊಂಡು ಹೋದೆ. ದೊಡ್ಡ ಆಟ ಬಿಟ್ಟು ಸಣ್ಣ ರೋಲರ್ ಕೋಸ್ಟರ್ ಹತ್ತಿದೆವು. ಮೇಲೆ ಏರುವಾಗ ಟಕ್ ಟಕ್ ಎಂದು ಸದ್ದು ಬರುತ್ತದೆ. ಚಿಕ್ಕಿ ಇದೆಂತ ಎಂದಳು. ಸರಪಳಿ ನಮ್ಮನ್ನು ಮೇಲೆ ಎಳೆಯುತ್ತಿದೆ, ಗಾಡಿ ಹಿಂದಕ್ಕೆ ಜಾರದ ಹಾಗೆ ಹಲ್ಲಿಗೆ ಕೊಕ್ಕೆ ಬೀಳುತ್ತಿದೆ, ಅದರ ಸದ್ದು ಎಂದೆ. ತುದಿ ಮುಟ್ಟಿದ ಮೇಲೆ ಇಂಜಿನ್ ಇಲ್ಲ, ಏನೂ ಇಲ್ಲ, ಭೂಮಿಯೇ ಎಳೆಯುವುದು ಎಂದೆ. "ಬಾವಿಗೆ ಕೊಡಪಾನ ಬಿಟ್ಟಾಂಗೆ" ಎಂದಳು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗಾಗುವುದು ಯಾಕೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ತೂಕ ನಮಗೆ ಗೊತ್ತಾಗುವುದು ಕುರ್ಚಿ ನಮ್ಮನ್ನು ಮೇಲಕ್ಕೆ ಒತ್ತುವುದರಿಂದ. ಗಾಡಿ ಕೆಳಗೆ ಬೀಳುವಾಗ ಕುರ್ಚಿಯೂ ನಮ್ಮ ಜೊತೆಗೇ ಬೀಳುತ್ತದೆ, ಒತ್ತುವುದು ಕಡಿಮೆಯಾಗುತ್ತದೆ. ಮೈ ಹಗುರ. ಹೊಟ್ಟೆಯೊಳಗಿನ ಅಂಗಗಳೂ ಹಗುರ. ಇಳಿದ ತಳದಲ್ಲಿ ಗಾಡಿ ಮತ್ತೆ ಮೇಲೆ ತಿರುಗುವಾಗ ಕುರ್ಚಿ ಜೋರಾಗಿ ಒತ್ತುತ್ತದೆ, ಮೈ ಭಾರ. ಹಗುರ, ಭಾರ, ಹಗುರ, ಭಾರ. ಇದಕ್ಕೆ ವಯಸ್ಸಿನ ಲೆಕ್ಕವಿಲ್ಲ, ಮಕ್ಕಳ ಲೆಕ್ಕವೂ ಇಲ್ಲ. ಹತ್ತಿದವರಿಗೆಲ್ಲ ಆಗುತ್ತದೆ.

ಇನ್ನೊಂದು ಮಾತು, ಬೇಗ ಹೇಳುತ್ತೇನೆ. ಪಾರ್ಕುಗಳಲ್ಲಿ ದೊಡ್ಡ ಆಟಗಳ ಬಾಗಿಲಲ್ಲಿ ಎತ್ತರ ಅಳೆಯುವ ಗೆರೆ ಇರುತ್ತದೆ. ಎಷ್ಟೋ ಕಡೆ 140 ಸೆಂಟಿಮೀಟರ್. ಅದಕ್ಕಿಂತ ಗಿಡ್ಡ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಅಂದರೆ ಆ ಆಟ ಕಟ್ಟಿದ್ದೇ ಬೆಳೆದವರಿಗೆ. ಆದರೂ ನಮ್ಮವರು ಗೆರೆಯ ಹೊರಗೆ ಚೀಲ ಹಿಡಿದು ನಿಂತಿರುತ್ತಾರೆ. ಯಾಕೆ ನಿಲ್ಲುತ್ತೀರಿ? ಹತ್ತಿ.

ನಾಚಿಕೆ ಆಗುತ್ತದೆ ಎನ್ನುತ್ತಾರೆ ಕೆಲವರು. ಸುಗ್ಗಿ ಬಂದರೆ ನಮ್ಮ ಹಾಲಕ್ಕಿ ಒಕ್ಕಲಿಗರ ಗಂಡಸರು ತಲೆಯ ಮೇಲೆ ಬಣ್ಣಬಣ್ಣದ ತುರಾಯಿ ಹೊತ್ತು ಮನೆ ಮನೆಗೆ ಹೋಗಿ ಕುಣಿಯುತ್ತಾರೆ. ಯಕ್ಷಗಾನಕ್ಕೆ ಬೆಳಗಿನವರೆಗೆ ಕೂರುತ್ತೇವೆ. ನಿಮ್ಮ ಮಗು ಎಲ್ಲಿ ಎಂದು ಅಲ್ಲಿ ಯಾರಾದರೂ ಕೇಳುತ್ತಾರಾ? ಅಲ್ಲಿಲ್ಲದ ನಾಚಿಕೆ ಚಕ್ರ ಹತ್ತಲು ಯಾಕೆ? "ಮನೆಯಲ್ಲಿ ತೊಟ್ಟಿಲು ಕಟ್ಟುವುದು ಯಾವಾಗ" ಎಂದು ನನ್ನನ್ನು ಇಪ್ಪತ್ತು ವರ್ಷ ಕೇಳಿದ್ದಾರೆ. ಆ ಪ್ರಶ್ನೆ ಕೇಳಿ ಕೇಳಿ ಮನಸ್ಸು ಭಾರವಾದ ಹೆಣ್ಣುಮಕ್ಕಳು ಈಗ ಕೇಳುತ್ತಿದ್ದರೆ, ಅವರಿಗೆ ಈ ಮಾತು ಎರಡು ಸಲ ಹೇಳುತ್ತೇನೆ. ಹತ್ತಿ. ಹತ್ತಿ.

ಸಮಯ ಕಡಿಮೆ ಇದೆ. ಹೋಗುವುದು ಹೇಗೆಂದರೆ, ಶಿರಸಿಯಿಂದ ರಾತ್ರಿ ಬಸ್ಸಿದೆ, ಕಾರವಾರದಿಂದ ರಾತ್ರಿ ರೈಲಿದೆ. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯಲ್ಲಿ ವಂಡರ್‌ಲಾ ಎಂಬ ಥೀಮ್ ಪಾರ್ಕು 2005ರಿಂದ ಇದೆ. ಶಾಲೆ ನಡೆಯುವ ದಿನ ನೋಡಿ ಹೋಗಿ, ವಾರದ ನಡುವೆ. ಸಾಲು ಚಿಕ್ಕದಿರುತ್ತದೆ. ಊಟಕ್ಕೆ ಮೊದಲು ಜೋರಿನ ಆಟ, ಊಟ ಆದಮೇಲೆ ನಿಧಾನದ ಆಟ. ಹೃದಯದ ತೊಂದರೆ, ಬೆನ್ನು ನೋವು ಇದ್ದವರು ಬಾಗಿಲಲ್ಲಿ ಬರೆದದ್ದನ್ನು ಓದಿ. ಅಷ್ಟು ದೂರ ಆಗದವರಿಗೆ ನಮ್ಮ ಜಾತ್ರೆ ಇದ್ದೇ ಇದೆ.

ಇವತ್ತು ರೇಡಿಯೋದಲ್ಲಿ ಮಾತಾಡುತ್ತೇನೆ ಎಂದು ನಿನ್ನೆ ಚಿಕ್ಕಿಗೆ ಫೋನ್ ಮಾಡಿದ್ದೆ. ನಿನ್ನ ಕಥೆ ಹೇಳಲಾ ಎಂದು ಕೇಳಿದೆ. ಹೇಳು ಎಂದಳು. ಜೊತೆಗೆ ಒಂದು ಮಾತು ಸೇರಿಸು ಎಂದಳು, ಅದನ್ನು ನಿಮಗೆ ತಲುಪಿಸುತ್ತಿದ್ದೇನೆ. ಚಕ್ರ ತುದಿಗೆ ಹೋದಾಗ ಹೆದರಿ ಕಣ್ಣು ಮುಚ್ಚಬೇಡಿ. ಮೊದಲ ಸುತ್ತಿನಲ್ಲಿ ಅವಳು ಮುಚ್ಚಿದ್ದಳಂತೆ, ಒಂದು ಸುತ್ತು ಸುಮ್ನೆ ಹಾಳಾಯಿತಂತೆ.

ನಮಸ್ಕಾರ.