ಓದುವವರು ಕಮ್ಮಿ, ಕಾಪಿ ಮಾಡುವವರು ಜಾಸ್ತಿ: ಓಪನ್‌ಎಲ್‌ಡ್ಯಾಪ್ ಕೈಪಿಡಿ ಶುಚಿ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಹೇಳಿದಾಗ ನನ್ನ ಹೆಂಡತಿ ನಕ್ಕಳು. "ಮ್ಯಾನುಯಲ್ ಕ್ಲೀನ್ ಮಾಡೋದ್ರ ಬಗ್ಗೆ ಮುಕ್ಕಾಲು ಗಂಟೆ ಮಾತಾಡ್ತೀರಾ? ಮನೆ ಅಟ್ಟ ಕ್ಲೀನ್ ಮಾಡಿ ಅಂದ್ರೆ ಐದು ನಿಮಿಷ ನಿಲ್ಲಲ್ಲ" ಅಂದಳು. ಮಾತು ನಿಜ. ಆದರೆ ಅಟ್ಟದಲ್ಲಿ ಬಿದ್ದಿರುವ ಹಳೇ ಒರಳುಕಲ್ಲು ಯಾರ ತಂಟೆಗೂ ಬರುವುದಿಲ್ಲ. ಕೈಪಿಡಿಯಲ್ಲಿ ಉಳಿದ ಹಳೇ ಪುಟ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಯಾರೋ ಒಬ್ಬರು ಬಂದು ಅದನ್ನೇ ನಂಬುತ್ತಾರೆ.

ಡೈರೆಕ್ಟರಿ ಸರ್ವರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲೇಜಿನಲ್ಲೋ ಆಫೀಸಿನಲ್ಲೋ ಒಂದೇ ಪಾಸ್‌ವರ್ಡ್ ಹಾಕಿ ಮೇಲ್, ವೈಫೈ, ಲೈಬ್ರರಿ ಎಲ್ಲ ಕಡೆ ಒಳಗೆ ಹೋಗುತ್ತೀರಲ್ಲ, ಅದರ ಹಿಂದೆ ಎಷ್ಟೋ ಸಲ ಇಂಥದ್ದೊಂದು ಕೂತಿರುತ್ತದೆ. ಯಾರು ಯಾರು ಇದ್ದಾರೆ, ಅವರು ಯಾವ ಗುಂಪಿನವರು, ಅವರ ಪಾಸ್‌ವರ್ಡ್ ಸರಿಯಾ ಅನ್ನುವುದನ್ನೆಲ್ಲ ಕೇಳಿದವರಿಗೆ ಬೇಗ ಹೇಳುವುದು ಅದರ ಕೆಲಸ. ಅದರ ಜೊತೆ ಮಾತಾಡುವ ಭಾಷೆ ಎಲ್‌ಡ್ಯಾಪ್. 1990ರ ದಶಕದ ಶುರುವಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಅಲ್ಲಿನ ಕೋಡ್ ಇಟ್ಟುಕೊಂಡು 1998ರಲ್ಲಿ ಓಪನ್‌ಎಲ್‌ಡ್ಯಾಪ್ ಯೋಜನೆ ಶುರುವಾಯಿತು. ಅದರ ಸರ್ವರಿನ ಹೆಸರು ಸ್ಲ್ಯಾಪ್‌ಡಿ. ಅದನ್ನು ನಡೆಸುವವರಿಗೆ ಅಂತ ಒಂದು ಅಡ್ಮಿನಿಸ್ಟ್ರೇಟರ್ಸ್ ಗೈಡ್ ಇದೆ. ನಾನು ಮಾತಾಡುವುದು ಅದರ ಬಗ್ಗೆ. ಅದನ್ನು ನೋಡಿಕೊಂಡು ಆಫೀಸುಗಳ ಒಳಗೆ ನಾವೆಲ್ಲ ಬರೆದುಕೊಳ್ಳುವ ಪುಟಗಳ ಬಗ್ಗೆಯೂ ಹೌದು.

ಮೊದಲು ಒಂದು ರಾತ್ರಿಯ ಕಥೆ ಹೇಳಿಬಿಡುತ್ತೇನೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಹೆಸರು ಬೇಡ, ಹೊಸ ಬ್ಯಾಚ್ ಸೇರುವ ಹಿಂದಿನ ರಾತ್ರಿ ಅಕೌಂಟ್ ಸೇರಿಸುತ್ತಾ ಕೂತಿದ್ದೆ. ಅರ್ಧ ಸೇರಿದ ಮೇಲೆ ನಿಂತುಹೋಯಿತು. ಹಳಬರು ಲಾಗಿನ್ ಆಗುತ್ತಿದ್ದಾರೆ. ಹೊಸದು ಒಂದೂ ಸೇರುತ್ತಿಲ್ಲ. ಪಾಸ್‌ವರ್ಡ್ ಬದಲಾಯಿಸಲು ಹೋದರೂ ಎರರ್. ಲಾಗ್‌ನಲ್ಲಿ 'ಎಂಡಿಬಿ ಮ್ಯಾಪ್ ಫುಲ್' ಅಂತ ಒಂದು ಸಾಲು.

ನಮ್ಮ ಒಳಗಿನ ಕೈಪಿಡಿ ತೆಗೆದೆ. ಡೇಟಾಬೇಸ್ ಟ್ಯೂನಿಂಗ್ ಅಂತ ಒಂದು ಪುಟ. ತುಂಬ ಅಚ್ಚುಕಟ್ಟು. ಟೇಬಲ್ ಇತ್ತು, ಲೆಕ್ಕ ಹಾಕುವ ಸೂತ್ರ ಇತ್ತು, ಒಂದು ಕಾಗುಣಿತ ತಪ್ಪಿರಲಿಲ್ಲ. 'ಡಿಬಿ ಕಾನ್ಫಿಗ್' ಅನ್ನುವ ಫೈಲಿನಲ್ಲಿ ಕ್ಯಾಶ್, ಅಂದರೆ ಬೇಗ ಓದಲು ಮೆಮೊರಿಯಲ್ಲಿ ಮೀಸಲಿಡುವ ಜಾಗ, ಹೆಚ್ಚಿಸಿ ಅಂತ ಹೇಳಿತ್ತು. ಹೆಚ್ಚಿಸಿದೆ. ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಇನ್ನೂ ಹೆಚ್ಚಿಸಿದೆ. ಎರಡು ಗಂಟೆ ಹೀಗೇ ಹೋಯಿತು.

ಆಮೇಲೆ ಗೊತ್ತಾಯಿತು. ಆ ಫೈಲು ಬರ್ಕ್‌ಲಿ ಡಿಬಿಯದು, ಅಂದರೆ ಸ್ಲ್ಯಾಪ್‌ಡಿ ಹಿಂದೆ ಮಾಹಿತಿ ಇಡಲು ಬಳಸುತ್ತಿದ್ದ ಡೇಟಾಬೇಸಿನದು. ನಮ್ಮ ಸರ್ವರನ್ನು ಯಾವಾಗಲೋ ಎಲ್‌ಎಂಡಿಬಿ ಅನ್ನುವ ಹೊಸ ಡೇಟಾಬೇಸಿಗೆ ಬದಲಾಯಿಸಿದ್ದರು. ಎಲ್‌ಎಂಡಿಬಿ ಆ ಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಬದಲಾಯಿಸಿದವರು ಹಳೇ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗ್ ಬರೆದಿಡುವ ಫೈಲಿನಲ್ಲಿ, ಬರ್ಕ್‌ಲಿಯ ಹೆಸರು 'ಬಿಡಿಬಿ' ಅಂತಿದ್ದದ್ದನ್ನು ಎಲ್‌ಎಂಡಿಬಿಯ ಹೆಸರು 'ಎಂಡಿಬಿ' ಅಂತ ತಿದ್ದಿ, ಡೇಟಾ ಸಾಗಿಸಿ ಮನೆಗೆ ಹೋಗಿದ್ದರು. ಆದರೆ ಎಂಡಿಬಿಗೆ 'ಮ್ಯಾಕ್ಸ್‌ಸೈಜ್' ಅಂತ ಒಂದು ಸಾಲು ಕೊಡಬೇಕು. ಕೊಡದಿದ್ದರೆ ಅದು 10,485,760 ಬೈಟ್ ಅಂತ ಇಟ್ಟುಕೊಳ್ಳುತ್ತದೆ. ಅಂದರೆ ಬರೀ 10 ಎಂಬಿ. ಆ ರಾತ್ರಿ ನಮ್ಮ 10 ಎಂಬಿ ತುಂಬಿತ್ತು, ಅಷ್ಟೇ. ಸಾಲು ಸೇರಿಸಿ 1 ಜಿಬಿ ಅಂತ ಕೊಟ್ಟೆ. ಉಳಿದವರು ಐದು ನಿಮಿಷದಲ್ಲಿ ಸೇರಿದರು.

ಇಲ್ಲಿ ನನಗೆ ಇವತ್ತಿಗೂ ಕಾಡುವುದು ಆ ಪುಟದ ಅಚ್ಚುಕಟ್ಟು. ಅಡ್ಡಾದಿಡ್ಡಿ ಬರೆದಿದ್ದರೆ ನನಗೆ ಅನುಮಾನ ಬರುತ್ತಿತ್ತು. 2021ರಲ್ಲಿ ಬಂದ ಓಪನ್‌ಎಲ್‌ಡ್ಯಾಪ್ 2.5 ಬರ್ಕ್‌ಲಿ ಡಿಬಿ ಬ್ಯಾಕೆಂಡ್‌ಗಳನ್ನೇ ಕಿತ್ತುಹಾಕಿತು. ಡಿಬಿ ಕಾನ್ಫಿಗ್ ಬಗ್ಗೆ ಚೆಂದವಾಗಿ ಬರೆದ ಪುಟಗಳು ಮಾತ್ರ ಇಂಟರ್ನೆಟ್ ತುಂಬ ಹಾಗೇ ಇವೆ.

ಸರಿ, ಶುಚಿ ಮಾಡಬೇಕು. ಎಲ್ಲಿಂದ ಶುರು ಮಾಡುವುದು? ಹೆಚ್ಚಿನವರು ಮೊದಲನೇ ಅಧ್ಯಾಯದಿಂದ ಶುರು ಮಾಡುತ್ತಾರೆ. ಪೀಠಿಕೆ ತಿದ್ದುತ್ತಾರೆ, ಅಲ್ಪವಿರಾಮ ಸರಿ ಮಾಡುತ್ತಾರೆ. ಮೂರನೇ ಅಧ್ಯಾಯದ ಹೊತ್ತಿಗೆ ಸುಸ್ತು. ನಾನೂ ಮಾಡಿದ್ದೇನೆ. ಈಗ ಹಾಗೆ ಮಾಡುವುದಿಲ್ಲ. ನೇರವಾಗಿ ಉದಾಹರಣೆಗಳಿಗೆ ಹೋಗುತ್ತೇನೆ. ಯಾಕೆಂದರೆ ಅಡ್ಮಿನ್‌ಗಳು ಕೈಪಿಡಿ ಓದುವುದಿಲ್ಲ. ಬೂದು ಬಣ್ಣದ ಬಾಕ್ಸ್ ಹುಡುಕುತ್ತಾರೆ, ಅದರೊಳಗಿನದನ್ನು ಕಾಪಿ ಮಾಡುತ್ತಾರೆ. ಸುತ್ತ ಇರುವ ಪ್ಯಾರಾಗಳು ಅವರಿಗೆ ಬಾಕ್ಸ್ ಎಲ್ಲಿದೆ ಅಂತ ತೋರಿಸುವ ಬೋರ್ಡು, ಅಷ್ಟೇ.

ಓಪನ್‌ಎಲ್‌ಡ್ಯಾಪ್ ಜೊತೆ ಬರುತ್ತಿದ್ದ ಮಾದರಿ ಕಾನ್ಫಿಗ್ ಫೈಲನ್ನೇ ನೋಡಿ. ಅದರಲ್ಲೊಂದು ಕಾಮೆಂಟ್ ಇದೆ. ಪಾಸ್‌ವರ್ಡನ್ನು ಎಲ್ಲರೂ ಓದುವ ಹಾಗೆ ಸುಮ್ನೆ ಬರೆದಿಡಬೇಡಿ ಅಂತ ಅದರ ಅರ್ಥ. ಇಂಗ್ಲಿಷ್‌ನಲ್ಲಿ 'ಶುಡ್ ಬಿ ಅವಾಯ್ಡೆಡ್' ಅಂತ ಇರಬೇಕಾದಲ್ಲಿ 'ಶುಡ್ ಬಿ ಅವಾಯ್ಡ್' ಅಂತ ಬಿದ್ದು, ವರ್ಷಗಟ್ಟಲೆ ಹಾಗೇ ಉಳಿದಿತ್ತು. ತಿದ್ದುವ ಕಣ್ಣಿದ್ದವರಿಗೆ ಮೊದಲು ಚುಚ್ಚುವುದು ಇದು. ಆದರೆ ಅದರ ಕೆಳಗಿನ ಸಾಲುಗಳಿಗೆ ಬನ್ನಿ. 'ರೂಟ್‌ಪಿಡಬ್ಲ್ಯೂ ಸೀಕ್ರೆಟ್' ಅಂತಿದೆ. ರೂಟ್‌ಪಿಡಬ್ಲ್ಯೂ ಅಂದರೆ ಇಡೀ ಡೈರೆಕ್ಟರಿಯ ಯಜಮಾನನ ಪಾಸ್‌ವರ್ಡ್. ಹಾಗೆ ಬರೆದಿಡಬೇಡಿ ಅಂತ ಹೇಳಿ, ಉಸಿರು ತೆಗೆದುಕೊಳ್ಳುವ ಮೊದಲೇ ಹಾಗೇ ಬರೆದು ತೋರಿಸಿದ್ದಾರೆ! ವ್ಯಾಕರಣದ ತಪ್ಪಿನಿಂದ ಯಾರ ಸರ್ವರೂ ಹಾಳಾಗಿಲ್ಲ. ಈ ಸಾಲು ಮಾತ್ರ ಹಾಗೇ ನಿಜವಾದ ಸರ್ವರುಗಳಿಗೆ ಹೋಗಿ ಕೂತಿರುವುದನ್ನು ನಾನೇ ನೋಡಿದ್ದೇನೆ. ಪಾಸ್‌ವರ್ಡ್ ಏನು ಅಂತ ಕೇಳಿದರೆ "ಸೀಕ್ರೆಟ್" ಅಂತಾರೆ. ಹೇಳಲ್ವೇನೋ ಅಂದುಕೊಂಡೆ. ಅದೇ ಪಾಸ್‌ವರ್ಡ್.

ಅದೇ ಯೋಜನೆಯ ಕ್ವಿಕ್ ಸ್ಟಾರ್ಟ್ ಅಧ್ಯಾಯದಲ್ಲಿ ಡೊಮೇನ್ ಹೆಸರು ಬರುವ ಜಾಗವನ್ನು ಬಾಣದ ಮೊನೆಯಂಥ ಬ್ರಾಕೆಟ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಇದು ನನಗೆ ಇಷ್ಟ. ಇಲ್ಲಿ ನಿನ್ನದನ್ನು ತುಂಬು ಅಂತ ಕಣ್ಣಿಗೆ ಹೊಡೆಯುತ್ತದೆ. ಪಾಸ್‌ವರ್ಡಿನ ಜಾಗವೂ ಹೀಗೇ ಇರಬೇಕು. ಮೊದಲು ಸ್ಲ್ಯಾಪ್‌ಪಾಸ್‌ವರ್ಡ್ ಆಜ್ಞೆ ಓಡಿಸಿ, ಬಂದ ಹ್ಯಾಶನ್ನು, ಅಂದರೆ ಪಾಸ್‌ವರ್ಡಿನ ಕಲಸಿಟ್ಟ ರೂಪವನ್ನು, ಇಲ್ಲಿ ಹಾಕಿ ಅಂತ ಖಾಲಿ ಬಿಟ್ಟರೆ ಸಾಕು.

ಇನ್ನು ಶುಚಿ ಮಾಡಲು ಹೋಗಿ ಕೆಡಿಸುವುದು. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಕಥೆ. ಇದು ನಾನೇ ಮಾಡಿದ್ದು.

ಯಾರು ಏನನ್ನು ಓದಬಹುದು ಅನ್ನುವ ನಿಯಮಗಳ ಉದಾಹರಣೆ ಒಂದಿತ್ತು. ಮೊದಲ ನಿಯಮ ಪಾಸ್‌ವರ್ಡಿನದು: ಅವರವರದನ್ನು ಅವರವರು ಬದಲಾಯಿಸಬಹುದು, ಲಾಗಿನ್ ಪರೀಕ್ಷೆಗೆ ಬಳಸಬಹುದು, ಬೇರೆ ಯಾರಿಗೂ ಕಾಣಬಾರದು. ಎರಡನೆಯದು ಉಳಿದದ್ದೆಲ್ಲ ಎಲ್ಲರೂ ಓದಬಹುದು ಅಂತ. ನನಗೆ ಶಾಲೆಯ ಪ್ರಬಂಧದ ಬುದ್ಧಿ. ಸಾಮಾನ್ಯ ಮಾತು ಮೊದಲು, ವಿಶೇಷ ಆಮೇಲೆ ಬಂದರೆ ಓದಲು ಚೆನ್ನ ಅಲ್ವಾ? ಮೇಲೆ ಕೆಳಗೆ ಮಾಡಿದೆ. ಆದರೆ ಸ್ಲ್ಯಾಪ್‌ಡಿ ಮೇಲಿನಿಂದ ಓದುತ್ತಾ ಬಂದು, ಹೊಂದುವ ಮೊದಲ ನಿಯಮ ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ಎಲ್ಲರೂ ಎಲ್ಲವನ್ನೂ ಓದಬಹುದು ಅನ್ನುವುದು ಮೇಲೆ ಬಂದರೆ, ಪಾಸ್‌ವರ್ಡಿನ ನಿಯಮದವರೆಗೆ ಅದು ಇಳಿಯುವುದೇ ಇಲ್ಲ. ಪುಣ್ಯಕ್ಕೆ ಟೆಸ್ಟ್ ಸರ್ವರಿನಲ್ಲಿ ಓಡಿಸಿ ನೋಡಿದೆ. ಹೆಸರು ಹೇಳದೆ ಬಂದ ಯಾರಿಗೆ ಬೇಕಾದರೂ ಎಲ್ಲರ ಪಾಸ್‌ವರ್ಡ್ ಹ್ಯಾಶ್ ಸಿಗುತ್ತಿತ್ತು. ಲಾಗಿನ್‌ಗಳು ಮಾತ್ರ ಸರಿಯಾಗೇ ನಡೆಯುತ್ತಿದ್ದವು. ಹಾಗಾಗಿ ಯಾರೂ ದೂರು ಕೊಡುತ್ತಲೂ ಇರಲಿಲ್ಲ.

ಅವತ್ತಿನಿಂದ ನನ್ನ ರೂಢಿ ಒಂದೇ. ಬಾಕ್ಸ್ ಒಳಗಿನ ಒಂದು ಅಕ್ಷರ ಮುಟ್ಟಿದರೂ ಆ ಬಾಕ್ಸನ್ನು ಖಾಲಿ ಮೆಷಿನ್ನಿನಲ್ಲಿ ಪೂರ್ತಿ ಓಡಿಸುತ್ತೇನೆ. ಹೊರಗಿನ ವಾಕ್ಯ ತಿದ್ದಿದರೆ ಒಮ್ಮೆ ಓದಿ ಬಿಡುತ್ತೇನೆ.

ಬಾಕ್ಸ್ ಒಳಗೆ ಕಣ್ಣಿಗೆ ಕಾಣದ ತಪ್ಪುಗಳೂ ಇರುತ್ತವೆ. ಎಲ್‌ಡಿಫ್ ಅಂತ ಒಂದು ಬರೆಯುವ ರೀತಿ ಇದೆ, ಡೈರೆಕ್ಟರಿಗೆ ಮಾಹಿತಿ ಹಾಕಲು. ಅದರಲ್ಲಿ ಒಂದು ಸಾಲು ಸ್ಪೇಸ್‌ನಿಂದ ಶುರುವಾದರೆ ಅದು ಮೇಲಿನ ಸಾಲಿನ ಬಾಲ ಅಂತ ಅರ್ಥ. ಯಾರೋ ಪುಣ್ಯಾತ್ಮರು ಚೆಂದ ಕಾಣಲಿ ಅಂತ ಎಲ್ಲ ಸಾಲನ್ನೂ ಎರಡು ಸ್ಪೇಸ್ ಒಳಗೆ ತಳ್ಳುತ್ತಾರೆ. ಮುಗಿಯಿತು, ಇಡೀ ಎಂಟ್ರಿ ಒಂದೇ ಸಾಲಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು, ವರ್ಡ್ ಪ್ರೊಸೆಸರಿನಲ್ಲಿ ಬರೆದು ತಂದು ಹಾಕುವುದು. ಆಜ್ಞೆಯ ಪಕ್ಕದ ಸಣ್ಣ ಗೀಟನ್ನು ಅದು ಉದ್ದದ ಗೀಟು ಮಾಡಿರುತ್ತದೆ. ಕಣ್ಣಿಗೆ ಒಂದೇ ಥರ. ಕಂಪ್ಯೂಟರಿಗೆ ಅಲ್ಲ. ಹೊಸ ಹುಡುಗರು ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ.

ಈಗ ದೊಡ್ಡ ತಲೆನೋವಿಗೆ ಬರೋಣ. ಸ್ಲ್ಯಾಪ್‌ಡಿಗೆ ಕಾನ್ಫಿಗ್ ಬರೆಯಲು ಎರಡು ದಾರಿ. ಹಳೆಯದು ಒಂದು ಸಾದಾ ಫೈಲ್. ಹೊಸದು 'ಸಿಎನ್ ಕಾನ್ಫಿಗ್'. ಅದರಲ್ಲಿ ಕಾನ್ಫಿಗ್ ಕೂಡ ಡೈರೆಕ್ಟರಿಯ ಒಳಗೇ ಇರುತ್ತದೆ, ಸರ್ವರ್ ನಿಲ್ಲಿಸದೆ ಬದಲಾಯಿಸಬಹುದು. ಹೊಸದು ಅಂತೀವಿ, ಆದರೆ 2005ರಲ್ಲಿ 2.3 ಆವೃತ್ತಿಯ ಜೊತೆ ಬಂದದ್ದು. ಮಕ್ಕಳಾಗಿದ್ದರೆ ಓಟು ಹಾಕುವ ವಯಸ್ಸು ದಾಟಿತ್ತು. ಆದರೂ ಗೈಡಿನಲ್ಲಿ ಎರಡಕ್ಕೂ ಒಂದೊಂದು ಅಧ್ಯಾಯ ಇದೆ. ಮುಂದಿನ ಅಧ್ಯಾಯಗಳ ಉದಾಹರಣೆಗಳಲ್ಲಿ ಕೆಲವು ಈ ರೀತಿ, ಕೆಲವು ಆ ರೀತಿ. ಓದುವವರಿಗೆ ತಾವು ಯಾವ ದಾರಿಯಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಇದರಿಂದ ಆಗುವ ಅನಾಹುತ ತೋರಿಸಲು ಒಂದು ವಾಕ್ಯ ಸಾಕು. "ಹೊಸ ಇಂಡೆಕ್ಸ್ ಸೇರಿಸಿದ ಮೇಲೆ ಸ್ಲ್ಯಾಪ್‌ಇಂಡೆಕ್ಸ್ ಓಡಿಸಿ." ಇಂಡೆಕ್ಸ್ ಅಂದರೆ ಬೇಗ ಹುಡುಕಲು ಇಟ್ಟುಕೊಳ್ಳುವ ಪಟ್ಟಿ, ಸ್ಲ್ಯಾಪ್‌ಇಂಡೆಕ್ಸ್ ಅದನ್ನು ಕಟ್ಟುವ ಆಜ್ಞೆ. ವಾಕ್ಯ ಸರಿಯಾ ತಪ್ಪಾ? ಸಾದಾ ಫೈಲಿನವರಿಗೆ ಸರಿ. ಅವರು ಸರ್ವರ್ ನಿಲ್ಲಿಸಿ ಓಡಿಸಲೇಬೇಕು. ಮರೆತರೆ ಹುಡುಕಿದ ವ್ಯಕ್ತಿ ಡೈರೆಕ್ಟರಿಯಲ್ಲಿ ಇದ್ದರೂ ಇಲ್ಲ ಅನ್ನುತ್ತದೆ. ಎರರ್ ಕೂಡ ಬರುವುದಿಲ್ಲ. ಸಿಎನ್ ಕಾನ್ಫಿಗ್‌ನವರಿಗೆ ಅದೇ ವಾಕ್ಯ ಬೇಡದ ಕೆಲಸ. ಅಲ್ಲಿ ಸರ್ವರೇ ಹಿಂದೆ ಕೂತು ಇಂಡೆಕ್ಸ್ ಕಟ್ಟಿಕೊಳ್ಳುತ್ತದೆ. ಇವರು ಸುಮ್ನೆ ರೂಟ್, ಅಂದರೆ ಮೆಷಿನ್ನಿನ ಸರ್ವಾಧಿಕಾರದ ಅಕೌಂಟ್, ಆಗಿ ಓಡಿಸಿದರೆ ಕೆಲವು ಫೈಲುಗಳು ರೂಟ್ ಹೆಸರಿಗೆ ಹೋಗಿ, ಮುಂದಿನ ಸಲ ಸರ್ವರ್ ಏಳದೆ ಇರಬಹುದು. ಹಾಗಾಗಿ ಆ ವಾಕ್ಯವನ್ನು ನಾನು ಎರಡು ಮಾಡುತ್ತೇನೆ. ಗೈಡ್ ಉದ್ದವಾಗುತ್ತದೆ, ಆಗಲಿ. ಶುಚಿ ಅಂದರೆ ಚಿಕ್ಕದು ಮಾಡುವುದು ಅಂತ ಯಾರು ಹೇಳಿದರು?

ಇನ್ನೊಂದು ಮಾತು. ಸಿಎನ್ ಕಾನ್ಫಿಗ್ ಕೂಡ ಕೊನೆಗೆ ಡಿಸ್ಕಿನಲ್ಲಿ ಫೈಲುಗಳಾಗೇ ಕೂತಿರುತ್ತದೆ. ಆ ಫೈಲುಗಳ ಮೊದಲ ಸಾಲಿನಲ್ಲೇ, ಇದು ತಾನಾಗಿ ಆದ ಫೈಲು, ಕೈ ಹಾಕಬೇಡಿ, ಎಲ್‌ಡ್ಯಾಪ್‌ಮಾಡಿಫೈ ಬಳಸಿ ಅಂತ ಇರುತ್ತದೆ. ಅದರ ಕೆಳಗೆ ಚೆಕ್‌ಸಮ್, ಅಂದರೆ ಫೈಲು ಬದಲಾದರೆ ಹಿಡಿದುಕೊಡುವ ಒಂದು ಲೆಕ್ಕ. ಆದರೂ ವಿಐ ಎಡಿಟರ್ ತೆಗೆದು ನೇರ ತಿದ್ದಿ ಅಂತ ಹೇಳುವ ಪುಟಗಳಿಗೆ ಲೆಕ್ಕವಿಲ್ಲ. ಕಾರಣ ಸೋಮಾರಿತನ ಅಂತ ನನಗೆ ಅನಿಸುವುದಿಲ್ಲ. ಸರಿಯಾದ ದಾರಿಯ ಉದಾಹರಣೆ ಬೇಕಾದ ಜಾಗದಲ್ಲಿ ಸಿಗಲಿಲ್ಲ, ಅದಕ್ಕೆ.

ಹೆಸರುಗಳ ವಿಷಯ ಬೇಗ ಮುಗಿಸುತ್ತೇನೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲು ಹೋಗುವುದಕ್ಕೆ ಹಿಂದೆ ಸ್ಲರ್ಪ್‌ಡಿ ಅಂತ ಬೇರೆ ಪ್ರೋಗ್ರಾಂ ಇತ್ತು. 2.4ರಲ್ಲಿ ಅದು ಹೋಯಿತು. 'ಮಾಸ್ಟರ್' 'ಸ್ಲೇವ್' ಹೋಗಿ 'ಪ್ರೊವೈಡರ್' 'ಕನ್ಸ್ಯೂಮರ್' ಬಂದವು. 2.5ರಲ್ಲಿ 'ಮಿರರ್‌ಮೋಡ್' 'ಮಲ್ಟಿಪ್ರೊವೈಡರ್' ಆಯಿತು. ವಾಕ್ಯಗಳಲ್ಲಿ ಹೆಸರು ಬದಲಾಯಿಸುವುದು ಸುಲಭ. ಫೈಂಡ್ ಅಂಡ್ ರಿಪ್ಲೇಸ್ ಒತ್ತಿ ಬಾಕ್ಸ್ ಒಳಗಿನದನ್ನೂ ಬದಲಾಯಿಸಿದರೆ, 2.4 ಇಟ್ಟುಕೊಂಡವರಿಗೆ ಹೊಸ ಹೆಸರು ಅರ್ಥವೇ ಆಗುವುದಿಲ್ಲ. ಪಕ್ಕದ ಮನೆಯಲ್ಲೂ ಇದೇ ಕಥೆ. ನೆಟ್‌ಸ್ಕೇಪ್‌ನ ಡೈರೆಕ್ಟರಿ ಸರ್ವರನ್ನು 2004ರಲ್ಲಿ ರೆಡ್ ಹ್ಯಾಟ್ ಕೊಂಡಿತು. 2005ರಲ್ಲಿ ಅದು ಫೆಡೋರಾ ಡೈರೆಕ್ಟರಿ ಸರ್ವರ್ ಆಯಿತು, 2009ರಲ್ಲಿ 389 ಡೈರೆಕ್ಟರಿ ಸರ್ವರ್ ಆಯಿತು. 389 ಅಂದರೆ ಎಲ್‌ಡ್ಯಾಪ್‌ನ ಪೋರ್ಟ್ ನಂಬರು. ಅಲ್ಲಿ ಹಳೇ ಪರ್ಲ್ ಸೆಟಪ್ ಸ್ಕ್ರಿಪ್ಟ್ ಹೋಗಿ 'ಡಿಎಸ್‌ಕ್ರಿಯೇಟ್' ಬಂತು. ಹಳೇ ಸ್ಕ್ರಿಪ್ಟಿನ ಪುಟಗಳು ಇನ್ನೂ ಓಡಾಡುತ್ತಿವೆ.

ಕೊನೆಯದಾಗಿ ನಮಗೆ ಸಂಬಂಧಪಟ್ಟ ಒಂದು ವಿಷಯ. ಗೈಡುಗಳ ಉದಾಹರಣೆಯಲ್ಲಿ ಬರುವವರು ಬಾರ್ಬರಾ ಜೆನ್ಸನ್ ಅನ್ನುವ ಕಾಲ್ಪನಿಕ ಅಮೆರಿಕನ್ ಮಹಿಳೆ. ಪಾಪ, ಒಳ್ಳೆಯವರು. ಆದರೆ ನೀವು ಅದೇ ಜಾಗದಲ್ಲಿ 'ರಮೇಶ' ಅಂತ ಕನ್ನಡದಲ್ಲಿ ಹಾಕಿ, ಆಮೇಲೆ ಎಲ್‌ಡ್ಯಾಪ್‌ಸರ್ಚ್‌ನಲ್ಲಿ ನೋಡಿ. ಹೆಸರಿನ ಮುಂದೆ ಒಂದರ ಬದಲು ಎರಡು ಕೋಲನ್ ಬಂದು, ಆಮೇಲೆ ಅರ್ಥವಾಗದ ಇಂಗ್ಲಿಷ್ ಅಕ್ಷರ. ಡೇಟಾ ಹಾಳಾಯಿತು ಅಂತ ನನಗೆ ಎಷ್ಟೋ ಜನ ಫೋನ್ ಮಾಡಿದ್ದಾರೆ. ಏನೂ ಹಾಳಾಗಿಲ್ಲ. ಅದು ಬೇಸ್64, ಅಂದರೆ ಯಾವ ಬೈಟನ್ನಾದರೂ ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ರೀತಿ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8 ಅನ್ನುವ, ಕಂಪ್ಯೂಟರಿನಲ್ಲಿ ಅಕ್ಷರ ಇಡುವ ಪದ್ಧತಿಯಲ್ಲಿ ಮೂರು ಬೈಟ್. ಮೂರು ಬೈಟಿಗೆ ಬೇಸ್64ನಲ್ಲಿ ನಾಲ್ಕು ಅಕ್ಷರ. ಮಧ್ಯೆ ಸ್ಪೇಸ್ ಇಲ್ಲದಿದ್ದರೆ ಪ್ರತಿ ನಾಲ್ಕರ ಗುಂಪೂ '4 ಎಲ್ ಕೆ' ಅಥವಾ '4 ಎಲ್ ಓ' ಅಂತಲೇ ಶುರುವಾಗುತ್ತದೆ. ಪರದೆ ಮೇಲೆ ಅದು ಕಂಡರೆ ಒಳಗೆ ಕನ್ನಡ ಇದೆ ಅಂತ ತಿಳಿಯಿರಿ. ಎಲ್‌ಡಿಫ್ ಹೇಗಿರಬೇಕು ಅಂತ ಹೇಳುವ 2000ದ ಆರ್‌ಎಫ್‌ಸಿ 2849 ಅನ್ನುವ ಇಂಟರ್ನೆಟ್ ನಿಯಮಪತ್ರದಲ್ಲಿ ಜಪಾನಿ ಹೆಸರುಗಳ ಉದಾಹರಣೆ ಇದೆ. ಬೇಸ್64 ಸಾಲಿನ ಜೊತೆಗೆ ಒಳಗೆ ಏನಿದೆ ಅಂತ ಕಾಮೆಂಟ್ ಹಾಕಿದ್ದಾರೆ. ಕನ್ನಡ ಹೆಸರು ಇಡುವ ಕಡೆ ಕೈಪಿಡಿ ಬರೆಯುವವರು ಇಷ್ಟು ಮಾಡಿದರೆ ನನಗೆ ಬರುವ ಫೋನು ಕಮ್ಮಿಯಾಗುತ್ತದೆ.

ಪ್ರಶ್ನೆಗಳಿಗೆ ಮುಂಚೆ ಒಂದು ಕೆಲಸ. ಈ ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಮೆಷಿನ್ ಇದೆ, ಪಕ್ಕದಲ್ಲಿ ಕ್ವಿಕ್ ಸ್ಟಾರ್ಟ್ ಪುಟ ತೆರೆದಿದೆ. ಎಲ್‌ಡ್ಯಾಪ್ ಹೆಸರನ್ನೇ ಇವತ್ತು ಮೊದಲ ಸಲ ಕೇಳಿದವರು ಯಾರಾದರೂ ಒಬ್ಬರು ಬಂದು ಕೂತುಕೊಳ್ಳಿ. ಪುಟದಲ್ಲಿ ಇದ್ದ ಹಾಗೆ ಮಾಡುತ್ತಾ ಹೋಗಿ. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಬಾಯಿ ಬಿಡುವುದಿಲ್ಲ. ನೀವು ಎಲ್ಲಿ ನಿಂತಿರೋ ಆ ಸಾಲನ್ನು ಬರೆದುಕೊಳ್ಳುತ್ತೇನೆ. ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದೀರಲ್ಲ, ನೀವೇ ಬನ್ನಿ ಮೇಡಂ.