ಡಿಸೆಂಬರಿಗೆ ಜಾರಿದ ವಿಶ್ವಕಪ್

ಕೇಳುಗರಿಗೆ ನಮಸ್ಕಾರ.

2011ರ ಜನವರಿ ತಿಂಗಳು. ಕತಾರಿನಲ್ಲಿ ಏಷ್ಯಾ ಕಪ್ ಫುಟ್‌ಬಾಲ್ ನಡೆಯುತ್ತಿತ್ತು. 1984ರ ನಂತರ ಮೊದಲ ಬಾರಿಗೆ ಭಾರತವೂ ಆ ಪಂದ್ಯಾವಳಿಯಲ್ಲಿತ್ತು. ಆಸ್ಟ್ರೇಲಿಯಾ, ಬಹರೈನ್, ದಕ್ಷಿಣ ಕೊರಿಯಾ, ಮೂರೂ ತಂಡಗಳಿಗೆ ಸೋತು ಬಂದೆವು. ಕೊನೆಯ ಎರಡು ಪಂದ್ಯಗಳಲ್ಲಿ ಸುನಿಲ್ ಛೆಟ್ರಿ ಒಂದೊಂದು ಗೋಲು ಹೊಡೆದದ್ದಷ್ಟೇ ಸಮಾಧಾನ. ಅದೇ ಛೆಟ್ರಿ ಮುಂದೆ ಬೆಂಗಳೂರು ತಂಡ ಸೇರಿ ನಮ್ಮವನೇ ಆಗಿಬಿಟ್ಟ, ಆ ಮಾತು ಬೇರೆ. ಇಲ್ಲಿ ಗಮನಿಸಬೇಕಾದದ್ದು ತಿಂಗಳು. ಕತಾರ್ ತನ್ನ ಮನೆಯಂಗಳದ ದೊಡ್ಡ ಪಂದ್ಯಾವಳಿಯನ್ನು ಜನವರಿಯಲ್ಲಿ ಇಟ್ಟುಕೊಂಡಿತ್ತು. 2006ರ ದೋಹಾ ಏಷ್ಯನ್ ಕ್ರೀಡಾಕೂಟ ನಡೆದದ್ದೂ ಡಿಸೆಂಬರಿನಲ್ಲೇ. ಆ ನಾಡಿನಲ್ಲಿ ಯಾವಾಗ ಓಡಬಹುದು, ಯಾವಾಗ ಓಡಬಾರದು ಎಂಬುದು ಅಲ್ಲಿನವರಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿದ್ದೂ, ಆ ಏಷ್ಯಾ ಕಪ್‌ಗೆ ಸುಮಾರು ಒಂದು ತಿಂಗಳ ಹಿಂದೆ, 2010ರ ಡಿಸೆಂಬರ್ 2ರಂದು, ಜ್ಯೂರಿಕ್ ನಗರದಲ್ಲಿ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ 22 ಮಂದಿ ಸದಸ್ಯರು ಮತ ಹಾಕಿ 2022ರ ವಿಶ್ವಕಪ್ಪನ್ನು ಕತಾರಿಗೆ ಕೊಟ್ಟರು. ಕೊನೆಯ ಸುತ್ತಿನಲ್ಲಿ ಕತಾರಿಗೆ 14 ಮತ, ಅಮೆರಿಕಕ್ಕೆ 8. ಕೊಟ್ಟದ್ದು ಜೂನ್-ಜುಲೈ ತಿಂಗಳಿಗೆ! ದೋಹಾದಲ್ಲಿ ಆ ಹೊತ್ತಿಗೆ ಹಗಲಿನ ತಾಪ 40 ಡಿಗ್ರಿ ದಾಟುತ್ತದೆ. ಫಿಫಾ ತಾನೇ ಕಳಿಸಿದ್ದ ಪರಿಶೀಲನಾ ತಂಡ ಈ ಧಗೆ ಆರೋಗ್ಯಕ್ಕೆ ಅಪಾಯ ತರಬಹುದೆಂದು ವರದಿಯಲ್ಲೇ ಬರೆದಿತ್ತು. ಓದಬೇಕಾದವರು ಓದಿದರೋ ಇಲ್ಲವೋ.

ಕತಾರಿನ ಉತ್ತರ ತಂಪುಗಾಳಿ. ತೆರೆದ ಕ್ರೀಡಾಂಗಣದೊಳಕ್ಕೇ ತಣ್ಣನೆಯ ಗಾಳಿ ಬಿಡುತ್ತೇವೆ ಎಂದರು. ಇದು ಬರಿಯ ಬಾಯಿಮಾತಾಗಿ ಉಳಿಯಲಿಲ್ಲ. ಕತಾರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೌದ್ ಅಬ್ದುಲ್ ಗನಿ ಅದನ್ನು ಮಾಡಿಯೂ ತೋರಿಸಿದರು. ತಣ್ಣನೆಯ ಗಾಳಿ ತೂಕದ್ದು, ಕೆಳಗೇ ಕೂರುತ್ತದೆ. ಆಸನಗಳ ಅಡಿಯಿಂದ, ಮೈದಾನದ ಅಂಚಿನ ಕಿಂಡಿಗಳಿಂದ ಅದನ್ನು ಊದಬೇಕು, ಬಿಸಿಯಾದದ್ದನ್ನು ಎಳೆದು ಮತ್ತೆ ತಣಿಸಬೇಕು. ಅಷ್ಟೇ ತತ್ವ. ಆದರೆ ವಿಶ್ವಕಪ್ ಎಂದರೆ ಕ್ರೀಡಾಂಗಣದೊಳಗಿನ 90 ನಿಮಿಷ ಮಾತ್ರ ಅಲ್ಲವಲ್ಲ. ಬೇರೆ ಬೇರೆ ದೇಶಗಳಿಂದ ಬಂದ ಲಕ್ಷಾಂತರ ಜನ ಬೀದಿಯಲ್ಲಿರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ. ಬೀದಿಯನ್ನು ತಣಿಸುವವರು ಯಾರು? 2019ರಲ್ಲಿ ದೋಹಾದಲ್ಲೇ ವಿಶ್ವ ಅಥ್ಲೆಟಿಕ್ಸ್ ನಡೆದಾಗ ಇದಕ್ಕೆ ಉತ್ತರ ಸಿಕ್ಕಿತು. ಓಟ, ಜಿಗಿತಗಳೆಲ್ಲ ತಂಪಾದ ಖಲೀಫಾ ಕ್ರೀಡಾಂಗಣದಲ್ಲಿ ಸರಾಗವಾಗಿ ಮುಗಿದವು. ಮ್ಯಾರಥಾನ್, ನಡಿಗೆ ಸ್ಪರ್ಧೆಗಳು ಮಾತ್ರ ಕಡಲ ದಂಡೆಯ ರಸ್ತೆಯಲ್ಲಿ. ಸೆಪ್ಟೆಂಬರ್ ಕೊನೆ, ಓಟ ಶುರುವಾದದ್ದು ನಡುರಾತ್ರಿ. ಆದರೂ ಮ್ಯಾರಥಾನಿನ 68 ಮಹಿಳೆಯರಲ್ಲಿ ಗುರಿ ಮುಟ್ಟಿದವರು 40 ಮಂದಿ.

ಅಷ್ಟರಲ್ಲಾಗಲೇ ವಿಶ್ವಕಪ್ಪಿನ ತಿಂಗಳು ಬದಲಾಗಿತ್ತು. 2015ರ ಫೆಬ್ರವರಿಯಲ್ಲಿ ಫಿಫಾ ನೇಮಿಸಿದ್ದ ಸಮಿತಿ ನವೆಂಬರ್-ಡಿಸೆಂಬರ್ ಸೂಚಿಸಿತು, ಮಾರ್ಚಿನಲ್ಲಿ ಒಪ್ಪಿಗೆಯಾಯಿತು. ಅವರು ಪಂಚಾಂಗ ನೋಡಿದ ರೀತಿ ಸ್ವಾರಸ್ಯವಾಗಿದೆ. ಜನವರಿ-ಫೆಬ್ರವರಿ ಬೇಡ, ಚಳಿಗಾಲದ ಒಲಿಂಪಿಕ್ಸ್ ಅಡ್ಡ ಬರುತ್ತದೆ. ಏಪ್ರಿಲ್ ಬೇಡ, ರಂಜಾನ್ ಉಪವಾಸ. ಮೇ ಹೊತ್ತಿಗೆ ಸೆಖೆ ಏರಿರುತ್ತದೆ. ಉಳಿದದ್ದು ವರ್ಷದ ಕೊನೆ. ಫೈನಲ್ ಡಿಸೆಂಬರ್ 18ಕ್ಕೆ, ಅಂದು ಕತಾರಿನ ರಾಷ್ಟ್ರೀಯ ದಿನ.

ಇತಿಹಾಸದ ಮೊದಲ ಚಳಿಗಾಲದ ವಿಶ್ವಕಪ್ ಎಂದು ಆಗ ಎಲ್ಲರೂ ಬರೆದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೊಟ್ಟಮೊದಲ ವಿಶ್ವಕಪ್ 1930ರ ಜುಲೈನಲ್ಲಿ ಉರುಗ್ವೆಯಲ್ಲಿ ನಡೆದಾಗ ಅಲ್ಲಿ ಚಳಿಗಾಲವೇ ಇತ್ತು. 1962ರ ಚಿಲಿ, 1978ರ ಅರ್ಜೆಂಟೀನಾ ಕೂಡ ಹಾಗೆಯೇ. 2010ರ ದಕ್ಷಿಣ ಆಫ್ರಿಕಾದಲ್ಲಿ ಜನ ಕಂಬಳಿ ಹೊದ್ದು ವುವುಝೆಲಾ ತುತ್ತೂರಿ ಊದಿದರು. ಭೂಮಧ್ಯರೇಖೆಯ ಆಚೆ ಜೂನ್ ಎಂದರೆ ಚಳಿಯೇ. ಹಾಗಾದರೆ 2022ರಲ್ಲಿ ಹೊಸದೇನು? ಯುರೋಪಿನ ಚಳಿಗಾಲ. ಅಲ್ಲಿನ ಲೀಗುಗಳು ಆಗಸ್ಟಿನಲ್ಲಿ ಶುರುವಾಗಿ ಮೇನಲ್ಲಿ ಮುಗಿಯುತ್ತವೆ, ಆದ್ದರಿಂದ ಉಳಿದ ಲೋಕಕ್ಕೂ ವಿಶ್ವಕಪ್ ಜೂನ್-ಜುಲೈನಲ್ಲೇ. ಮೆಕ್ಸಿಕೋದಲ್ಲಿ 1970ರಲ್ಲೂ 1986ರಲ್ಲೂ ಸುಡುವ ನಡುಮಧ್ಯಾಹ್ನ ಆಡಿಸಿದರು, ಯುರೋಪಿನವರು ಸಂಜೆ ಟಿ.ವಿ. ಮುಂದೆ ಕೂರಲಿ ಎಂದು. 1994ರಲ್ಲಿ ಅಮೆರಿಕದ ಪ್ಯಾಸಡೀನಾದಲ್ಲಿ ಫೈನಲ್ ಆರಂಭವಾದದ್ದು ಮಧ್ಯಾಹ್ನ 12.30ಕ್ಕೆ. ಆಟಗಾರರು ಬಿಸಿಲಿಗೆ ಬಸವಳಿದ ಆ ಯಾವ ಸಲವೂ ತಿಂಗಳು ಬದಲಿಸುವ ಮಾತು ಬರಲಿಲ್ಲ.

ಕತಾರಿನ ವಿಷಯದಲ್ಲಿ ಯುರೋಪಿನ ಕ್ಯಾಲೆಂಡರಿಗೇ ಕೈ ಹಾಕಬೇಕಾಯಿತು, ಆದ್ದರಿಂದ ಚೌಕಾಸಿ ನಡೆಯಿತು. ಆಟಗಾರರನ್ನು ಬಿಟ್ಟುಕೊಡುವ ಕ್ಲಬ್ಬುಗಳಿಗೆ ಫಿಫಾ 20 ಕೋಟಿ 90 ಲಕ್ಷ ಡಾಲರ್ ಹಂಚಿತು. 2014ರಲ್ಲಿ ಈ ಬಾಬ್ತಿಗೆ ಕೊಟ್ಟದ್ದು 7 ಕೋಟಿ. ಅಮೆರಿಕದಲ್ಲಿ ನವೆಂಬರ್-ಡಿಸೆಂಬರ್ ಅಂದರೆ ಅವರದೇ ಫುಟ್‌ಬಾಲಿನ ಕಾಲ, ಅದರ ನಡುವೆ ವಿಶ್ವಕಪ್ ತೋರಿಸುವ ಸಂಕಟ ಫಾಕ್ಸ್ ವಾಹಿನಿಯದು. ಅದೇ 2015ರ ಫೆಬ್ರವರಿಯಲ್ಲಿ ಫಾಕ್ಸಿಗೂ ಅಲ್ಲಿನ ಸ್ಪ್ಯಾನಿಷ್ ವಾಹಿನಿ ಟೆಲಿಮುಂಡೋಗೂ 2026ರ ವಿಶ್ವಕಪ್ಪಿನ ಪ್ರಸಾರದ ಹಕ್ಕು ಹರಾಜೇ ಇಲ್ಲದೆ ಸಿಕ್ಕಿತು. ಎರಡಕ್ಕೂ ಇರುವ ನಂಟನ್ನು ಹೆಣೆಯಲು ಯಾರಿಗೂ ಕಷ್ಟವಾಗಲಿಲ್ಲ.

ಆಟದ ಮೇಲೆ ಇದರ ಪರಿಣಾಮ ಏನಾಯಿತು? ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನವೆಂಬರ್ 13ಕ್ಕೆ ನಿಂತಿತು, 20ಕ್ಕೆ ವಿಶ್ವಕಪ್ ಶುರು. ನಡುವೆ ಒಂದೇ ವಾರ. ಸೆನೆಗಲ್‌ನ ಸಾದಿಯೋ ಮಾನೆ ನವೆಂಬರ್ 8ರಂದು ಬಯರ್ನ್ ಮ್ಯೂನಿಕ್ ಪರ ಆಡುತ್ತ ಕಾಲಿಗೆ ಪೆಟ್ಟು ಮಾಡಿಕೊಂಡು ವಿಶ್ವಕಪ್ಪನ್ನೇ ಕಳೆದುಕೊಂಡ. ಬೇಸಿಗೆಯ ವಿಶ್ವಕಪ್ಪಿಗೆ ಸಿಗುತ್ತಿದ್ದ ವಾರಗಳ ತಯಾರಿ ಈ ಸಲ ಹೆಚ್ಚಿನ ಕೋಚುಗಳಿಗೆ ಸಿಗಲಿಲ್ಲ. ಆದರೂ ಹೇಳಲೇಬೇಕು, ಆಟ ಸೊಗಸಾಗಿತ್ತು. ಮೇ ಮುಗಿಯುವ ಹೊತ್ತಿಗೆ ದಣಿದು ಬರುವ ಕಾಲುಗಳು ಈ ಸಲ ಋತುವಿನ ನಡುವಿನ ಹುರುಪಿನಲ್ಲಿದ್ದವು. ಒಟ್ಟು 172 ಗೋಲು, ಅಲ್ಲಿಯವರೆಗಿನ ಯಾವ ವಿಶ್ವಕಪ್ಪಿಗಿಂತಲೂ ಹೆಚ್ಚು. ಫೈನಲ್ಲಂತೂ ನಮ್ಮಲ್ಲಿ ರಾತ್ರಿ 8.30ಕ್ಕೆ, ಭಾನುವಾರ, ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನೋಡುವ ಹೊತ್ತಿಗೆ. ಮೆಸ್ಸಿ ಎರಡು, ಎಂಬಾಪೆ ಮೂರು, ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ. ಇನ್ನೊಂದು ತಮಾಷೆ: ಎಂಟು ಕ್ರೀಡಾಂಗಣಗಳಲ್ಲಿ ಒಂದಕ್ಕೆ, ಹಡಗಿನ ಕಂಟೇನರುಗಳಿಂದ ಕಟ್ಟಿದ ‘974’ಕ್ಕೆ, ತಂಪುಯಂತ್ರವನ್ನೇ ಹಾಕಿರಲಿಲ್ಲ. ಕಡಲ ಗಾಳಿಯೇ ಸಾಕಾಯಿತು.

ಹಾಗಾದರೆ ಧಗೆ ಯಾರ ಪಾಲಿಗೆ ಬಂತು? ಆಡುವವರಿಗೆ, ನೋಡುವವರಿಗೆ ಬೇಕಾಗಿದ್ದ 29 ದಿನಗಳನ್ನು ಡಿಸೆಂಬರಿಗೆ ಸರಿಸಬಹುದು. ಕ್ರೀಡಾಂಗಣ, ಮೆಟ್ರೊ, ಹೋಟೆಲು, ರಸ್ತೆಗಳನ್ನು ಕಟ್ಟುವ ಕೆಲಸ ಹನ್ನೊಂದು ವರ್ಷ ಸಾಗಿತು, ಎಲ್ಲ ಬೇಸಿಗೆಗಳನ್ನೂ ಹಾದು. ಕಟ್ಟಿದವರು ನೇಪಾಳ, ಬಾಂಗ್ಲಾದೇಶ, ಭಾರತ, ಪಾಕಿಸ್ತಾನ, ಶ್ರೀಲಂಕಾದವರು, ಆಫ್ರಿಕಾದವರು. ಕರಾವಳಿಯ ಕೇಳುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನ ಜುಲೈ ಹೇಗಿರುತ್ತದೆಂದು ಫೋನಿನಲ್ಲಿ ಕೇಳಿ ಕೇಳಿ ತಿಳಿದ ಮನೆಗಳು ಎಷ್ಟೋ ಇವೆ.

ಕತಾರಿನಲ್ಲಿ ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸುವ ನಿಯಮ ಮೊದಲಿನಿಂದ ಇತ್ತು, ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, 11.30ರಿಂದ 3 ಗಂಟೆ. 2021ರಲ್ಲಿ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ಕ್ಕೆ, ಬೆಳಗ್ಗೆ 10ರಿಂದ 3.30ಕ್ಕೆ ಹಿಗ್ಗಿಸಿದರು. ಬಿಸಿಲು, ತೇವ, ಗಾಳಿಯನ್ನು ಒಟ್ಟಿಗೆ ಅಳೆಯುವ ಮಾಪನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು ಎಂದೂ ಸೇರಿಸಿದರು. ಒಳ್ಳೆಯ ನಿಯಮವೇ. ಆದರೆ ಆ ಹೊತ್ತಿಗೆ ಕ್ರೀಡಾಂಗಣಗಳ ಹೆಚ್ಚಿನ ಕೆಲಸ ಮುಗಿದಿತ್ತು.

ಸತ್ತವರ ಲೆಕ್ಕ ಇಂದಿಗೂ ಜಗಳದಲ್ಲೇ ಇದೆ. ದಕ್ಷಿಣ ಏಷ್ಯಾದ ಐದು ದೇಶಗಳ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಹತ್ತು ವರ್ಷಗಳಲ್ಲಿ ಕತಾರಿನಲ್ಲಿ ತೀರಿಕೊಂಡರೆಂದು 2021ರಲ್ಲಿ ಗಾರ್ಡಿಯನ್ ಪತ್ರಿಕೆ ಬರೆಯಿತು. ಎಲ್ಲ ಬಗೆಯ ಕೆಲಸದವರು, ಎಲ್ಲ ಕಾರಣಗಳ ಸಾವುಗಳು ಅದರಲ್ಲಿ ಸೇರಿದ್ದವು. ಅದನ್ನು ವಿಶ್ವಕಪ್ಪಿನ ಸಾವಿನ ಸಂಖ್ಯೆ ಎಂದು ಹಂಚಿಕೊಂಡವರು ತಪ್ಪು ಮಾಡಿದರು. ಆಯೋಜಕರು ಮೊದಲು ಹೇಳಿದ್ದು ಕ್ರೀಡಾಂಗಣದ ಕೆಲಸದಿಂದ ಮೂರು ಸಾವು ಎಂದು. 2022ರ ನವೆಂಬರಿನಲ್ಲಿ ಆಯೋಜನೆಯ ಮುಖ್ಯಸ್ಥ ಹಸನ್ ಅಲ್ ಥವಾದಿ ಟಿ.ವಿ. ಸಂದರ್ಶನದಲ್ಲಿ, ವಿಶ್ವಕಪ್ಪಿನ ಎಲ್ಲ ಕೆಲಸಗಳೂ ಸೇರಿ 400ರಿಂದ 500 ಎಂದರು. ಎಷ್ಟೋ ಮರಣಪತ್ರಗಳಲ್ಲಿ ಬರೆದದ್ದು ‘ಸಹಜ ಸಾವು’. ಇಪ್ಪತ್ತು-ಮೂವತ್ತರ ಹರೆಯದವರಿಗೆ.

ಮಾನವ ಹಕ್ಕು ಸಂಘಟನೆಗಳು 2022ರ ಮೇ ತಿಂಗಳಲ್ಲಿ ಒಂದು ಬೇಡಿಕೆ ಇಟ್ಟವು: ತಂಡಗಳಿಗೆ ಕೊಡುವ ಬಹುಮಾನ 44 ಕೋಟಿ ಡಾಲರ್, ಅಷ್ಟನ್ನೇ ಕಾರ್ಮಿಕರ ಪರಿಹಾರಕ್ಕೂ ಇಡಿ. ಅದು ಆಗಲಿಲ್ಲ. 2024ರಲ್ಲಿ ಫಿಫಾ 5 ಕೋಟಿ ಡಾಲರಿನ ಒಂದು ನಿಧಿ ಮಾಡಿತು. ಆ ಹಣ ಹೋದದ್ದು ನಿರಾಶ್ರಿತರು, ಆರೋಗ್ಯ, ವ್ಯಾಪಾರ ತರಬೇತಿ ಮುಂತಾದ ಕೆಲಸಗಳಿಗೆ, ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ. ಕ್ಲಬ್ಬಿಗೆ ಆಟಗಾರನ ದಿನ ಲೆಕ್ಕ ಹಾಕಿ ದುಡ್ಡು ಕೊಟ್ಟವರಿಗೆ ಕೂಲಿಯವನ ದಿನ ಲೆಕ್ಕ ಹಾಕಲು ಬರುತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಈಗ 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಹೋಗಿದೆ. 48 ತಂಡ, 104 ಪಂದ್ಯ. ಮತ್ತೆ ಪಂಚಾಂಗ ತೆರೆಯಬೇಕು. ಆ ವರ್ಷ ರಂಜಾನ್ ಬರುವುದು ನವೆಂಬರ್-ಡಿಸೆಂಬರಿನಲ್ಲಿ. ವರ್ಷದ ಕೊನೆಗೆ ರಿಯಾದ್‌ನಲ್ಲೇ ಏಷ್ಯನ್ ಕ್ರೀಡಾಕೂಟ. ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಚಳಿಗಾಲದ ಒಲಿಂಪಿಕ್ಸ್. ಕ್ಲಬ್ಬುಗಳು, ವಾಹಿನಿಗಳು ತಮ್ಮ ತಮ್ಮ ತಿಂಗಳನ್ನು ಹಿಡಿದು ಜಗ್ಗಲು ಇನ್ನೂ ಸಮಯವಿದೆ. ಕಟ್ಟಡದ ಕೆಲಸಕ್ಕೆ ಅಷ್ಟು ಸಮಯವಿಲ್ಲ. 15 ಕ್ರೀಡಾಂಗಣಗಳ ಯೋಜನೆ, ಹೆಚ್ಚಿನವು ಹೊಸದಾಗಿ ಏಳಬೇಕಾದವು. ಸೌದಿಯಲ್ಲಿ ಹೊರಗೆ ದುಡಿಯುವವರಿಗೆ ಬಿಸಿಲಿನ ಬಿಡುವು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12ರಿಂದ 3 ಗಂಟೆ.

ನಮಸ್ಕಾರ.