ತಿ-ರಿ-ಪೊ: ಅಥೆನ್ಸ್‌ನಲ್ಲಿ ಒಂದು ದಿನ

ಮ್ಯೂಸಿಯಂ ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಕ್ಯಾಮೆರಾ ಸ್ಟ್ಯಾಂಡ್ ತೋರಿಸಿ ಎರಡೇ ಮಾತು ಹೇಳಿದರು. "ತ್ರೀಪೊದೊ, ಓಹಿ." ಓಹಿ ಅಂದರೆ ಇಲ್ಲ, ಬೇಡ. ತ್ರೀಪೊದೊ ಅಂದರೆ ಟ್ರೈಪಾಡ್. ಇಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಒಳಗೆ ತರುವ ಹಾಗಿಲ್ಲ. ಸರಿ ಅಂತ ಅದನ್ನು ಬ್ಯಾಗ್ ಇಡುವ ಕೋಣೆಯಲ್ಲಿ ಬಿಟ್ಟೆ. ಟೋಕನ್ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಇವತ್ತಿನ ವಿಡಿಯೊ ಪೂರ್ತಿ ಕೈಯಲ್ಲೇ ಹಿಡಿದು ತೆಗೆದದ್ದು.

ನಮಸ್ಕಾರ. ಇದು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಗ್ರೀಸ್ ಅಂದ ಕೂಡಲೇ ಎಲ್ಲರೂ ಮೊದಲು ಹೋಗುವುದು ಅಕ್ರೊಪೊಲಿಸ್ ಬೆಟ್ಟಕ್ಕೆ. ನಾನು ಬೇಕಂತಲೇ ಇಲ್ಲಿಗೆ ಮೊದಲು ಬಂದೆ. ಇಲ್ಲಿ ಒಂದು ಮಣ್ಣಿನ ಹಲಗೆ ಇದೆ. ಅದನ್ನು ಕಣ್ಣಾರೆ ನೋಡಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇತ್ತು.

ಇದು ಮೈಸೀನಿಯ ಕಾಲದ ಕೋಣೆ, ಅಂದರೆ ಗ್ರೀಸ್ ದೇಶದ ಕಂಚಿನ ಯುಗದ ಕೊನೆಯ ಭಾಗ. ಆ ಗುಂಪು ನೋಡಿ, ಎಲ್ಲರೂ ಚಿನ್ನದ ಮುಖವಾಡದ ಮುಂದೆ ನಿಂತಿದ್ದಾರೆ. 1876ರಲ್ಲಿ ಪುರಾತತ್ವಜ್ಞ ಷ್ಲೀಮನ್ ಅಗೆದು ತೆಗೆದದ್ದು. ಚೆನ್ನಾಗಿದೆ, ಹೊಳೆಯುತ್ತದೆ. ಆದರೆ ನನ್ನ ಹಲಗೆ ಹೊಳೆಯುವ ವಸ್ತುವಲ್ಲ.

ಇದೇ ಅದು. ಉದ್ದಕ್ಕೆ, ಕಿರಿದಾಗಿ, ಒಣಗಿದ ಜೇಡಿಮಣ್ಣಿನ ಬಣ್ಣ. ಈ ಆಕಾರದ ಹಲಗೆಗೆ ವಿದ್ವಾಂಸರು ಇಟ್ಟಿರುವ ಹೆಸರೇ ತಾಳೆಗರಿ. ನಮ್ಮ ಓಲೆಗರಿ ನೆನಪಾಗುತ್ತದೆ, ಅಲ್ವಾ? ಹಸಿ ಮಣ್ಣಿನ ಮೇಲೆ ಮೊನಚಾದ ಕಡ್ಡಿಯಿಂದ ಗೀರಿ ಬರೆದಿದ್ದಾರೆ. ಇದು ಪೈಲೋಸ್ ಎಂಬ ಊರಿನ ಅರಮನೆಯ ಲೆಕ್ಕ. ಕ್ರಿ.ಪೂ. 1200ರ ಆಸುಪಾಸಿನದು.

ಹತ್ತಿರದಿಂದ ತೋರಿಸುತ್ತೇನೆ. ಅಕ್ಷರಗಳ ಪಕ್ಕದಲ್ಲಿ ಒಂದು ಪುಟ್ಟ ಚಿತ್ರ, ಮೂರು ಕಾಲಿನ ಪಾತ್ರೆ. ಅದರ ಮುಂದೆ ಎರಡು ಗೀಟು, ಅಂದರೆ ಎರಡು ಪಾತ್ರೆ. ಅಕ್ಷರ ಓದಿದರೆ ಬರುವುದು "ತಿ-ರಿ-ಪೊ-ದೆ". ಒಂದೇ ಇದ್ದರೆ "ತಿ-ರಿ-ಪೊ". ಬಾಗಿಲಲ್ಲಿ ನನಗೆ ಬೇಡ ಅಂದರಲ್ಲ, ಆ ತ್ರೀಪೊದೊ! ಅದೇ ಪದ. ಸುಮಾರು 3200 ವರ್ಷದ ನಂತರ, ಈ ಹಲಗೆ ಇರುವ ಮ್ಯೂಸಿಯಂ ಬಾಗಿಲಲ್ಲಿ, ಒಬ್ಬರು ತಮ್ಮ ಕೆಲಸದ ಮಧ್ಯೆ ಆಡಿದ ಮಾತು. ನನಗೆ ಮೈ ಜುಮ್ಮೆಂದಿತು.

ಮುಂದೆ ಇನ್ನೂ ಚೆನ್ನಾಗಿದೆ. ಒಂದು ಮುಕ್ಕಾಲಿ ಪಾತ್ರೆಗೆ ಒಂದೇ ಕಾಲು ಉಳಿದಿದೆ ಅಂತ ಬರೆದಿದೆ. ಇನ್ನೊಂದರ ಕಾಲು ಸುಟ್ಟುಹೋಗಿದೆ ಅಂತ ಬರೆದಿದೆ. ಅದಾದ ಮೇಲೆ ಬೇರೆ ಪಾತ್ರೆಗಳು. ನಾಲ್ಕು ಕಿವಿಯದು, ಮೂರು ಕಿವಿಯದು, ಕಿವಿ ಇಲ್ಲದ್ದು. ಹಿಡಿಕೆಗೆ ಅವರು ಕಿವಿ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಮ್ಮ ಬಾಣಲೆಗೂ ಹಾಗೇ ಅನ್ನುವುದು, "ಕಿವಿ ಹಿಡಿದು ಇಳಿಸು" ಅಂತ. ಪ್ರತಿ ಚಿತ್ರದಲ್ಲೂ ಕಿವಿ ಎಣಿಸಬಹುದು ನೋಡಿ. ನಾಲ್ಕು, ಮೂರು, ಇದಕ್ಕೆ ಇಲ್ಲವೇ ಇಲ್ಲ.

ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಶಾಮಿಯಾನ ಅಂಗಡಿಯಲ್ಲಿ ಒಂದು ಲೆಕ್ಕದ ಪುಸ್ತಕ ಇರುತ್ತದಲ್ಲ. ಕೊಳದಪ್ಪಲೆ ಎರಡು, ಒಂದರ ಕಂಠ ತಗ್ಗಿದೆ, ಅಂತ. ಇದೂ ಅಂಥದ್ದೇ. ಉಳಿಯಲಿ ಅಂತ ಬರೆದದ್ದೇ ಅಲ್ಲ. ಈ ಹಲಗೆಗಳನ್ನು ಸುಡುತ್ತಿರಲಿಲ್ಲ, ಸುಮ್ನೆ ಒಣಗಿಸಿ ಇಡುತ್ತಿದ್ದರು. ಆಮೇಲೆ ಅರಮನೆಗೆ ಬೆಂಕಿ ಬಿತ್ತು. ಎಲ್ಲವನ್ನೂ ನುಂಗಿದ ಆ ಬೆಂಕಿಯೇ ಈ ಮಣ್ಣನ್ನು ಬೇಯಿಸಿ ಗಟ್ಟಿ ಮಾಡಿತು. ಹಾಗಾಗಿ ಇವು ಉಳಿದವು.

ಇದನ್ನು ಓದಿದ ಕಥೆಯನ್ನೂ ಹೇಳಲೇಬೇಕು. ಈ ಲಿಪಿಗೆ ಲೀನಿಯರ್ ಬಿ ಅಂತ ಹೆಸರು. 1900ರಲ್ಲಿ ಕ್ರೀಟ್ ದ್ವೀಪದ ಕ್ನೊಸೋಸ್‌ನಲ್ಲಿ ಪುರಾತತ್ವಜ್ಞ ಆರ್ಥರ್ ಇವಾನ್ಸ್‌ಗೆ ರಾಶಿ ಹಲಗೆ ಸಿಕ್ಕವು. 1941ರಲ್ಲಿ ಸಾಯುವವರೆಗೂ ಅವರಿಗೆ ಓದಲು ಆಗಲಿಲ್ಲ. ಇದು ಗ್ರೀಕ್ ಅಲ್ಲ ಅಂತಲೇ ನಂಬಿದ್ದರು. ನ್ಯೂಯಾರ್ಕ್‌ನ ಬ್ರೂಕ್ಲಿನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಆಲಿಸ್ ಕೋಬರ್ ರಾತ್ರಿಯೆಲ್ಲ ಕೂತು ಇದರ ಅಕ್ಷರಗಳನ್ನು ಎಣಿಸುತ್ತಿದ್ದರು. ಯುದ್ಧದ ಕಾಲ, ಕಾಗದಕ್ಕೆ ಬರ. ಸಿಕ್ಕಸಿಕ್ಕ ಕಾಗದ ಕತ್ತರಿಸಿ ಚೀಟಿ ಮಾಡಿ, ಸಿಗರೇಟು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಪದಗಳ ಕೊನೆ ಬದಲಾಗುವ ರೀತಿಯನ್ನು ಮೊದಲು ಕಂಡುಹಿಡಿದವರು ಅವರೇ. 1950ರಲ್ಲಿ ತೀರಿಕೊಂಡರು. ಇನ್ನೆರಡೇ ವರ್ಷ ಇದ್ದಿದ್ದರೆ!

1952ರ ಜುಲೈ 1ರಂದು ಮೈಕಲ್ ವೆಂಟ್ರಿಸ್ ಬಿಬಿಸಿ ರೇಡಿಯೊದಲ್ಲಿ ಮಾತಾಡಿ, ಈ ಹಲಗೆಗಳಲ್ಲಿರುವುದು ಗ್ರೀಕ್ ಭಾಷೆಯೇ ಅಂತ ಹೇಳಿದರು. ಅವರು ಭಾಷಾ ಪಂಡಿತರಲ್ಲ, ಮನೆ ಕಟ್ಟಡಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್. ತುಂಬ ಜನ ನಂಬಲಿಲ್ಲ. ಮರುವರ್ಷ, ಪೈಲೋಸ್‌ನಲ್ಲಿ ಅಗೆಯುತ್ತಿದ್ದ ಕಾರ್ಲ್ ಬ್ಲೆಗೆನ್ ಹೊಸದಾಗಿ ಸಿಕ್ಕಿದ್ದ ಒಂದು ಹಲಗೆಗೆ ವೆಂಟ್ರಿಸ್ ಕೊಟ್ಟ ಉಚ್ಚಾರಣೆ ಹಾಕಿ ನೋಡಿದರು. ಮುಕ್ಕಾಲಿ ಚಿತ್ರದ ಪಕ್ಕ "ತಿ-ರಿ-ಪೊ" ಅಂತ ಬಂತು. ನಾಲ್ಕು ಕಿವಿಯ ಚಿತ್ರದ ಪಕ್ಕ ನಾಲ್ಕು ಕಿವಿ ಅಂತಲೇ ಬಂತು. ನಾನು ಈಗ ನೋಡುತ್ತಿರುವುದು ಆ ಹಲಗೆಯನ್ನೇ. ವೆಂಟ್ರಿಸ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ.

ಹೊರಗೆ ಬಂದು ಟ್ರೈಪಾಡ್ ವಾಪಸ್ ತೆಗೆದುಕೊಂಡೆ. ದುಡ್ಡು ಬೇಕಿತ್ತು, ಎಟಿಎಂ ಹುಡುಕಿದೆ. ಬ್ಯಾಂಕಿನ ಬೋರ್ಡ್ ನೋಡಿ, ದೊಡ್ಡ ಅಕ್ಷರದಲ್ಲಿ "ತ್ರಾಪೆಜಾ". ಹಳೆಯ ಅರ್ಥ ಮೇಜು. ನಾಲ್ಕು ಕಾಲಿನದು ಅಂತ ಪದದ ಹುಟ್ಟು. ಹಿಂದೆ ನಾಣ್ಯ ಬದಲಾಯಿಸಿ ಕೊಡುವವರು ಸಂತೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ಹಾಗೆ ಮೇಜು ಹೋಗಿ ಬ್ಯಾಂಕ್ ಆಯಿತು. ಪೈಲೋಸ್‌ನ ಇದೇ ಗುಂಪಿನ ಹಲಗೆಗಳಲ್ಲಿ "ತೊ-ಪೆ-ಜಾ" ಅಂತ ಮೇಜುಗಳ ಲೆಕ್ಕವೂ ಇದೆ, ದಂತದ ಕುಸುರಿ ಮಾಡಿದ ಮೇಜುಗಳು. ಒಳಗೆ ಅರಮನೆಯ ಮುಕ್ಕಾಲಿ, ಹೊರಗೆ ಅರಮನೆಯ ಮೇಜು. ಅದರ ಮುಂದೆ ಜನ ಕಾರ್ಡ್ ಹಿಡಿದು ಕ್ಯೂ ನಿಂತಿದ್ದಾರೆ.

ಗ್ರೀಕ್ ಸಂಸ್ಕೃತಿ ಅಂದರೆ ಈಗ ಕಂಬಗಳ ಮುಂದೆ ಒಂದು ಫೋಟೊ ಅಂತ ಆಗಿದೆ. ಕಂಬಗಳು ದೊಡ್ಡವೇ, ನಾನೂ ತೆಗೆದುಕೊಂಡೆ. ಆದರೆ ಕಲ್ಲಿಗಿಂತ ಹಳೆಯದು, ಇನ್ನೂ ಬಿಸಿಯಾಗಿರುವುದು ಈ ಭಾಷೆ. ಅದಕ್ಕೇ ಇಲ್ಲಿಗೆ ಬರುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಒಂದೇ. ಟಿಕೆಟ್ ಬುಕ್ ಮಾಡಿದ ದಿನವೇ 24 ಅಕ್ಷರ ಕಲಿಯಲು ಶುರು ಮಾಡಿ. ಕಷ್ಟ ಇಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದ್ದರೆ ಆಲ್ಫಾ, ಬೀಟಾ, ಥೀಟಾ, ಲ್ಯಾಂಬ್ಡಾ, ಸಿಗ್ಮಾ, ಒಮೆಗಾ, ಅರ್ಧ ಆಗಲೇ ಗೊತ್ತು. ನನಗೆ ಎರಡು ವಾರ ಸಾಕಾಯಿತು. ಊರಿನಲ್ಲಿ ಬಸ್ಸಲ್ಲಿ ಕೂತು ಕಲಿತೆ.

ಕಲಿತರೆ ಏನಾಗುತ್ತದೆ ಅಂತ ತೋರಿಸುತ್ತೇನೆ. ಈ ರಸ್ತೆ ಬೋರ್ಡ್ ನೋಡಿ. ಕಾಪಾ, ಎಪ್ಸಿಲಾನ್, ನ್ಯೂ, ತಾವ್, ರೋ, ಒಮಿಕ್ರಾನ್. "ಕೆಂದ್ರೊ." ಅಂದರೆ ಊರಿನ ಮಧ್ಯಭಾಗ. ನಮ್ಮ ಕೇಂದ್ರ! ಇದು ಹೋಲಿಕೆ ಮಾತ್ರ ಅಲ್ಲ. ಗ್ರೀಕರ ಜ್ಯೋತಿಷ ಮತ್ತು ಗಣಿತದ ಜೊತೆ ಈ ಪದ ಸಂಸ್ಕೃತಕ್ಕೆ ಬಂತು, ಅಲ್ಲಿಂದ ಕನ್ನಡಕ್ಕೆ. ಮೊದಲ ಅರ್ಥ ಎತ್ತನ್ನು ತಿವಿಯುವ ಮುಳ್ಳುಗೋಲು. ಆಮೇಲೆ ಚುಚ್ಚುವ ಮೊನೆ. ಆಮೇಲೆ ವೃತ್ತ ಬರೆಯುವಾಗ ಕೈವಾರದ ಕಾಲು ಚುಚ್ಚುವ ಜಾಗ. ಗಂಟೆ ಎಷ್ಟು ಅಂತ ಕೇಳಲು ಇಲ್ಲಿ "ತಿ ಓರಾ ಈನೆ" ಅಂತಾರೆ. ಆ ಓರಾ ನಮ್ಮ ಪಂಚಾಂಗದ ಹೋರಾ. ಯುಗಾದಿಯ ದಿನ ಪಂಚಾಂಗ ಬಿಚ್ಚುವಾಗ ನಾವು ಗ್ರೀಕ್ ಪದ ಹಿಡಿದಿರುತ್ತೇವೆ, ಗೊತ್ತೇ ಇರುವುದಿಲ್ಲ.

ಮೆಟ್ರೊ ಹಿಡಿದು ಅಕ್ರೊಪೊಲಿ ಸ್ಟೇಷನ್‌ನಲ್ಲಿ ಇಳಿದೆ. ಹೊರಗೆ ಹೋಗುವ ದಾರಿಗೆ "ಎಕ್ಸೊದೊಸ್" ಅಂತ ಬೋರ್ಡ್. ಈ ಪದ ನೆನಪಿಡಿ, ಮುಂದೆ ಬೇಕು.

ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿರುವುದು ದಿಯೊನಿಸಸ್ ದೇವರ ರಂಗಮಂದಿರ. ಈಗ ಕಾಣುವ ಕಲ್ಲಿನ ಮೆಟ್ಟಿಲುಗಳು ಆಮೇಲಿನವು. ಆದರೆ ಜಾಗ ಇದೇ. ಕ್ರಿ.ಪೂ. 472ರಲ್ಲಿ ಈಸ್ಕಿಲಸ್‌ನ "ಪಾರಸಿಕರು", ಅಂದರೆ ಪರ್ಷಿಯನ್ನರು, ಎಂಬ ನಾಟಕ ಇಲ್ಲಿ ನಡೆಯಿತು. ಪೂರ್ತಿಯಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲೇ ಹಳೆಯದು. ಅದಕ್ಕೆ ಎಂಟು ವರ್ಷ ಮೊದಲು ಪರ್ಷಿಯನ್ನರು ಈ ಊರನ್ನು ಸುಟ್ಟಿದ್ದರು. ಈಸ್ಕಿಲಸ್ ತಾನೇ ಅವರ ವಿರುದ್ಧ ಮ್ಯಾರಥಾನ್ ಯುದ್ಧದಲ್ಲಿ ಹೋರಾಡಿದವನು. ಅಂಥವನು ಗೆದ್ದವರ ಬಡಾಯಿ ಬರೆಯಲಿಲ್ಲ. ಸೋತ ಶತ್ರುವಿನ ಮನೆಯ ಅಳು ಬರೆದ. ಮಗನಿಗಾಗಿ ಕಾಯುವ ಪರ್ಷಿಯಾದ ರಾಜಮಾತೆಯನ್ನು ಇಲ್ಲಿ ನಿಲ್ಲಿಸಿದ. ಊರು ಕಳೆದುಕೊಂಡಿದ್ದ ಜನ ಇದೇ ಇಳಿಜಾರಿನಲ್ಲಿ ಕೂತು ನೋಡಿದರು. ಆ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದರು. ಸೊಫೋಕ್ಲಿಸ್‌ನ ಅಜಾಕ್ಸ್ ಅವರ ಕೈಯಲ್ಲಿ ಅಶ್ವತ್ಥಾಮನಾಗಿ ಹಳಗನ್ನಡದಲ್ಲಿ ಮಾತಾಡಿದ. ಶ್ರೀಯವರು ಕನ್ನಡಕ್ಕೆ ತಂದ ಆ ಅಳು ಮೊದಲು ಕೇಳಿಸಿದ್ದು ಈ ಮಣ್ಣಿನಲ್ಲಿ ಅಂತ ನೆನೆದು ನನಗೆ ಕಣ್ಣು ತುಂಬಿ ಬಂತು.

ಮುಂದಿನ ಸಾಲಿನ ಮಧ್ಯದ ಆಸನ ನೋಡಿ, ಕೆತ್ತನೆ ತುಂಬಿದ ಅಮೃತಶಿಲೆಯ ಕುರ್ಚಿ. ಕೆಳಗಡೆ ಅಕ್ಷರ ಇದೆ. ನಿಧಾನವಾಗಿ ಒಂದೊಂದೇ ಕೂಡಿಸಿ ಓದಿದೆ. "ಇಯೆರೆಓಸ್... ದಿಯೊನಿಸು..." ದಿಯೊನಿಸಸ್‌ನ ಪುರೋಹಿತರದು! ಪುರೋಹಿತರಿಗೆ ಕಾದಿಟ್ಟ ಜಾಗ. ಪಕ್ಕದಲ್ಲಿ ಇಂಗ್ಲಿಷ್ ಫಲಕ ನೋಡದೆ, ಗೈಡ್ ಇಲ್ಲದೆ, ಎರಡು ಸಾವಿರ ವರ್ಷಕ್ಕಿಂತ ಹಳೆಯ ಕಲ್ಲನ್ನು ನಾನೇ ಓದಿದ್ದು. ಈ ಖುಷಿಗೆ ಯಾವ ಫೋಟೊ ಸಾಟಿ ಇಲ್ಲ, ನಿಜ ಹೇಳುತ್ತೇನೆ.

ಎಕ್ಸೊದೊಸ್ ಅಂದೆನಲ್ಲ. ಅರಿಸ್ಟಾಟಲ್ ದುರಂತ ನಾಟಕದ ಭಾಗಗಳನ್ನು ಹೇಳುವಾಗ, ಮೇಳದ ಕೊನೆಯ ಹಾಡು ಮುಗಿದ ಮೇಲಿನ ಭಾಗಕ್ಕೆ ಕೊಡುವ ಹೆಸರು ಅದೇ. ಮೇಳದವರು ಹೊರಗೆ ಹೋಗುವುದು. ಮೆಟ್ರೊದಲ್ಲಿ ನಾವು ಹೊರಗೆ ಹೋಗುವುದೂ ಅದೇ.

ಇನ್ನೊಂದು ಮಾತು, ಬೇಗ ಹೇಳಿಬಿಡುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ ಹಾಳೆ ಒಂದರಲ್ಲಿ ಗ್ರೀಕ್ ಪ್ರಹಸನ ಇದೆ. ಕರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನ ಕೈಗೆ ಸಿಕ್ಕಿರುತ್ತಾಳೆ. ಅವಳ ಅಣ್ಣ ಬಂದು ರಾಜನಿಗೆ ವೈನ್ ಕುಡಿಸಿ ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಭಾರತೀಯರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸರು ಹೇಳಿದರು. ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೇ ಅಂತ ನಾನು ಎದೆ ತಟ್ಟಿ ಹೇಳುವುದಿಲ್ಲ. ಆದರೆ ಆ ಸಾಲುಗಳನ್ನು ಬಾಯಿಬಿಟ್ಟು ಓದುವಾಗ ಕಿವಿ ತಾನಾಗೇ ನೆಟ್ಟಗಾಗುತ್ತದೆ.

ಸಂಜೆ ಮನೆ. ನಾನು ಉಳಿದಿರುವ ಕೋಣೆಯ ಒಡತಿ ನಿವೃತ್ತ ಶಿಕ್ಷಕಿ. ನಾನು ಅವರನ್ನು "ಕಿರಿಯಾ" ಅಂತೇನೆ, ಅಮ್ಮನವರೇ ಅಂದ ಹಾಗೆ. ಅವರು ನನ್ನನ್ನು "ಪೆದಿ ಮು" ಅಂತಾರೆ, ನನ್ನ ಮಗು. ಅವರ ಶಾಲೆಯ ಕಾಲದಲ್ಲಿ ಅಕ್ಷರದ ತಲೆ ಮೇಲೆ ಎಷ್ಟೊಂದು ಚಿಹ್ನೆ ಇದ್ದವಂತೆ. 1982ರಲ್ಲಿ ಅವನ್ನೆಲ್ಲ ತೆಗೆದು ಒಂದೇ ಗೀಟು ಉಳಿಸಿದರು. ಅದಕ್ಕೂ ಮೊದಲು, 1976ರವರೆಗೆ ಶಾಲೆ, ಸರ್ಕಾರದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. 1901ರಲ್ಲಿ ಬೈಬಲ್‌ನ ಸುವಾರ್ತೆಯನ್ನು ಆಡುಮಾತಿನಲ್ಲಿ ಅಚ್ಚು ಹಾಕಿದ್ದಕ್ಕೆ ಇದೇ ಅಥೆನ್ಸ್‌ನಲ್ಲಿ ಗಲಭೆ ಆಗಿ ಎಂಟು ಜನ ಸತ್ತರು. ಭಾಷೆಗಾಗಿ ಇಷ್ಟು ಹೊಡೆದಾಡಿದ ಜನ ಅದನ್ನು ಬಿಟ್ಟುಕೊಡುವುದಾದರೂ ಹೇಗೆ? 2017ರಿಂದ ಫೆಬ್ರವರಿ 9 ಇವರಿಗೆ ಗ್ರೀಕ್ ಭಾಷೆಯ ದಿನ, ಕವಿ ಸೊಲೊಮೋಸ್ ತೀರಿಕೊಂಡ ದಿನ. ಶಾಲೆಗಳಲ್ಲಿ ಮಕ್ಕಳು ಹಳೆಯ ಗ್ರೀಕ್ ಈಗಲೂ ಕಲಿಯುತ್ತಾರೆ. ಕಿರಿಯಾ ಅದನ್ನೇ ಪಾಠ ಮಾಡಿದವರು. ಹೋಮರ್ ಓದಲು ತನಗೂ ಪಕ್ಕದಲ್ಲಿ ನಿಘಂಟು ಬೇಕು ಅಂತ ಹೇಳಿದರು. ಪಂಪನನ್ನು ಓದುವಾಗ ನನಗೆ ಹೇಗೋ ಹಾಗೆ.

ಫೋನ್‌ನಲ್ಲಿ ಹಲಗೆಯ ಫೋಟೊ ತೋರಿಸಿದೆ. ಆ ಲಿಪಿ ಅವರಿಗೆ ಓದಲು ಬರುವುದಿಲ್ಲ. ನಾನು ಬೆರಳಿಟ್ಟು ಓದಿದೆ, "ತಿ-ರಿ-ಪೊ". ಅವರು ಕನ್ನಡಕ ಸರಿ ಮಾಡಿಕೊಂಡು ಮೂಲೆಯಲ್ಲಿ ನಿಲ್ಲಿಸಿದ್ದ ನನ್ನ ಸ್ಟ್ಯಾಂಡ್ ಕಡೆ ಕೈ ತೋರಿಸಿದರು. "ತ್ರೀಪೊದೊ!"

ನಿಮ್ಮ ಭಾಷೆಯಲ್ಲಿ ಏನಂತಾರೆ ಅಂತ ಕೇಳಿದರು. ಮುಕ್ಕಾಲಿ ಅಂದೆ. ಮೂರು, ಕಾಲು, ಅಂತ ಬಿಡಿಸಿ ಹೇಳಿದೆ. ಅವರು ಎರಡು ಸಲ ಹೇಳಿ ನೋಡಿದರು. ನಗು ಬಂತು ಅವರಿಗೆ, ಗ್ರೀಕ್‌ನಲ್ಲಿ ಬುಕಾಲಿ ಅಂದರೆ ಬಾಟಲಿ. ಆಮೇಲೆ ನನ್ನ ಮ್ಯೂಸಿಯಂ ಟಿಕೆಟ್ ತೆಗೆದುಕೊಂಡು, ಹಿಂದುಗಡೆ ಪೆನ್ನಿನಲ್ಲಿ ಬರೆದರು. ಮ್ಯೂ, ಒಮಿಕ್ರಾನ್, ಉಪ್ಸಿಲಾನ್, ಕಾಪಾ, ಇನ್ನೊಂದು ಕಾಪಾ, ಆಲ್ಫಾ, ಲ್ಯಾಂಬ್ಡಾ, ಅಯೋಟಾ. ಎಂಟು ಅಕ್ಷರ. ಕೊನೆಗೆ ಪಕ್ಕದಲ್ಲಿ ಮೂರು ಕಾಲಿನ ಒಂದು ಪುಟ್ಟ ಪಾತ್ರೆ ಬರೆದು, ಅದರ ಮುಂದೆ ಒಂದು ಗೀಟು ಹಾಕಿದರು.